ಸೆಟ್‌ಲಿಸ್ಟಿನಲ್ಲಿ ಷರೀಫರಿಗೆ ಎಷ್ಟು ಜಾಗ?

ಯಾವುದೇ ಬ್ಯಾಂಡಿನ ಕಾರ್ಯಕ್ರಮಕ್ಕೆ ಸ್ವಲ್ಪ ಬೇಗ ಹೋಗಿ ವೇದಿಕೆಯ ಹತ್ತಿರ ನಿಂತರೆ ಒಂದು ಬಿಳಿ ಹಾಳೆ ಕಾಣುತ್ತೆ. ಹಾಡುವವನ ಕಾಲ ಬುಡದಲ್ಲಿ, ಡ್ರಮ್ಮಿನ ಪಕ್ಕದಲ್ಲಿ, ಟೇಪು ಹಾಕಿ ನೆಲಕ್ಕೆ ಅಂಟಿಸಿರ್ತಾರೆ. ದಪ್ಪಕ್ಷರದಲ್ಲಿ ಹದಿನಾಲ್ಕೋ ಹದಿನೈದೋ ಹಾಡಿನ ಹೆಸರು, ಅದೂ ಮೊಟಕು ಮಾಡಿ ಬರೆದದ್ದು. ಅದೇ ಸೆಟ್‌ಲಿಸ್ಟು. ಆಲ್ಬಂ ಬಂದರೆ ವಿಮರ್ಶೆ ಬರೀತೀವಿ, ಸಿನಿಮಾ ಹಾಡು ಬಂದರೆ ಜಗಳ ಆಡ್ತೀವಿ. ಈ ಹಾಳೆಯನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳಲ್ಲ. ನನಗೇನೋ ಒಂದು ಬ್ಯಾಂಡಿಗೆ ವಯಸ್ಸಾದ ಮೇಲೆ ಅದರ ನಿಜವಾದ ಕೃತಿ ಅಂದ್ರೆ ಈ ಹಾಳೆಯೇ ಅನ್ನಿಸುತ್ತೆ. ಹೊಸ ಹಾಡು ಬರೆಯೋದು ಯಾವಾಗಲೋ ಒಮ್ಮೆ. ಹಳೇದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನೋ ತೀರ್ಮಾನ ಪ್ರತಿ ಸಂಜೆ.

ಲೆಕ್ಕ ಸರಳ. ತೊಂಬತ್ತು ನಿಮಿಷದ ಕಾರ್ಯಕ್ರಮ. ಇಪ್ಪತ್ತು ವರ್ಷದ ಬ್ಯಾಂಡಾದರೆ ಹಾಡಲೇಬೇಕಾದ ಹಾಡುಗಳು ಎಂಟೋ ಒಂಬತ್ತೋ ಇರ್ತವೆ. ಅದನ್ನು ಬಿಟ್ಟರೆ ಜನ ಮನೆಗೆ ಬೈಕೊಂಡು ಹೋಗ್ತಾರೆ. ಹೊಸ ಹಾಡು ಎರಡು ಮೂರು. ಉಳಿಯೋದು ಮೂರು ಜಾಗ. ಇಡೀ ಕಥೆ ಇರೋದು ಆ ಮೂರು ಜಾಗದಲ್ಲೇ.

ದೊಡ್ಡ ದೊಡ್ಡ ಬ್ಯಾಂಡುಗಳು ಇದಕ್ಕೆ ಗುಮಾಸ್ತಿಕೆ ಮಾಡ್ತವೆ. ರೋಲಿಂಗ್ ಸ್ಟೋನ್ಸ್ ಜೊತೆ ದಶಕಗಳಿಂದ ಕೀಬೋರ್ಡ್ ನುಡಿಸುವ ಚಕ್ ಲವೆಲ್ ಯಾವ ಊರಲ್ಲಿ ಯಾವ ಹಾಡು ನುಡಿಸಿದ್ವಿ, ಯಾವ ಶ್ರುತಿಯಲ್ಲಿ, ಯಾವ ವೇಗದಲ್ಲಿ ಅಂತ ಬರೆದಿಟ್ಟುಕೊಂಡು, ಅದನ್ನು ನೋಡಿ ಮಿಕ್ ಜಾಗರ್ ಮುಂದೆ ಪಟ್ಟಿ ಇಡ್ತಾನೆ. ಮೆಟಾಲಿಕಾದಲ್ಲಿ ಈ ಕೆಲಸ ಡ್ರಮ್ಮರ್ ಲಾರ್ಸ್ ಉಲ್ರಿಕ್‌ದು. ಹೋದ ಸಲ ಆ ಊರಿಗೆ ಬಂದಾಗ ಏನು ನುಡಿಸಿದ್ವಿ ಅಂತ ನೋಡಿ ಈ ಸಲ ಬೇರೆ ಹಾಕ್ತಾನೆ. ಐರನ್ ಮೇಡನ್‌ನವರದ್ದು ಹಟ. 2006ರಲ್ಲಿ ಹೊಸ ಆಲ್ಬಂ ಬಂದಾಗ ಅದನ್ನು ಮೊದಲಿನಿಂದ ಕೊನೇವರೆಗೆ ವೇದಿಕೆ ಮೇಲೆ ನುಡಿಸಿ, ಹಳೇದು ಕೇಳೋಕೆ ಬಂದವರಿಂದ ಚೆನ್ನಾಗಿ ಬೈಸಿಕೊಂಡ್ರು.

ಈ ಮೂರೂ ಬ್ಯಾಂಡುಗಳು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹೋಗಿವೆ. ಸ್ಟೋನ್ಸ್ 2003ರಲ್ಲಿ, ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ. ಮೈಸೂರಿಂದ ರೈಲು ಹತ್ತಿ, ಕಪ್ಪು ಟೀ ಶರ್ಟ್ ಹಾಕ್ಕೊಂಡು ಹೋದ ಹುಡುಗರು ಎಷ್ಟೋ. ಅವರ ಪಟ್ಟಿಗೆ ಅಲ್ಲೊಂದು ಅನುಕೂಲ ಇತ್ತು: ಇಲ್ಲಿ ‘ಹೋದ ಸಲ’ ಅನ್ನೋದೇ ಇರಲಿಲ್ಲ. ಮೂವತ್ತು ವರ್ಷದ ಹಾಡುಗಳನ್ನು ಕ್ಯಾಸೆಟ್ಟಿನಲ್ಲೇ ಕೇಳಿ ಬೆಳೆದವನಿಗೆ ಅತ್ಯಂತ ಸವಕಲು ಹಾಡೂ ಮೊದಲ ಸಲ. ಅಂಥವನ ಮುಂದೆ ಅಪರೂಪದ್ದನ್ನು ಹುಡುಕಿ ನುಡಿಸಬೇಕಾಗಿಲ್ಲ.

ಕಷ್ಟ ಇರೋದು ಊರಿನ ಬ್ಯಾಂಡಿಗೆ.

ನಮ್ಮೂರ ಬ್ಯಾಂಡು ಅಂದ್ರೆ ರಘು ದೀಕ್ಷಿತರದ್ದು. ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ನೆಲೆ ನಿಂತಿರೋದು ಬೆಂಗಳೂರಲ್ಲಾದರೂ ಮನುಷ್ಯ ಮೈಸೂರಿನವರು. ಇಲ್ಲೇ ಓದಿ ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ತಗೊಂಡವರು, ಭರತನಾಟ್ಯ ಕಲಿತವರು. ತೊಂಬತ್ತರ ದಶಕದ ಕೊನೇಲಿ ‘ಅಂತರಾಗ್ನಿ’ ಅಂತ ಬ್ಯಾಂಡು ಕಟ್ಟಿದವರು. ಈಗಿನ ಬ್ಯಾಂಡಿನ ಮೊದಲ ಆಲ್ಬಂ 2008ರದ್ದು, ಎರಡನೇದು ‘ಜಗ್ ಚಂಗಾ’ 2013ರದ್ದು. ನಡುವೆ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮ, ಮರುವರ್ಷ ಗ್ಲಾಸ್ಟನ್‌ಬರಿ. ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಅಲ್ಲಿ ಹಾಡಿದ್ದನ್ನು ನೋಡಿ ಇಲ್ಲಿ ಕಾಲರ್ ಎತ್ತಿಕೊಂಡು ಓಡಾಡಿದವರಲ್ಲಿ ನಾನೂ ಒಬ್ಬ.

ಈಗ ಆ ಮೊದಲ ಆಲ್ಬಮ್ಮಿನ ಹಾಡುಗಳಿಗೇ ವಯಸ್ಸಾಗಿದೆ. ಹಾಡುವವರೂ ಐವತ್ತು ದಾಟಿದ್ದಾರೆ. 2008ರಲ್ಲಿ ಹುಟ್ಟಿದ ಮಕ್ಕಳು ಕಾಲೇಜಿಗೆ ಬಂದು ಮುಂದಿನ ಸಾಲಲ್ಲಿ ನಿಂತು ಕುಣೀತಿವೆ. ಇಂಥ ಹೊತ್ತಲ್ಲಿ ಯಾವ ಹಾಡು ಪಟ್ಟಿಯಲ್ಲಿ ಉಳಿಯುತ್ತೆ?

ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಸರಸ್ವತಿಪುರಂನ ನಮ್ಮ ಮನೆ ತಾರಸಿ ಮೇಲೆ. ಯುವ ದಸರಾ ಮಹಾರಾಜ ಕಾಲೇಜು ಮೈದಾನದಲ್ಲಿ ನಡೀತಿದ್ದ ವರ್ಷಗಳಲ್ಲಿ ಗಾಳಿ ಈ ಕಡೆ ಬೀಸಿದರೆ ಹಾಡು ಇಲ್ಲೀತನಕ ಬರ್ತಿತ್ತು. ಅದಕ್ಕೂ ಮುಂಚೆ ಯುವ ಸಂಭ್ರಮ. ಆಗ ಮಾನಸಗಂಗೋತ್ರಿಯ ಬಯಲು ರಂಗಮಂದಿರದ ಸದ್ದು ಕುಕ್ಕರಹಳ್ಳಿ ಕೆರೆ ದಾಟಿ ಬರುತ್ತೆ. (ಎದುರು ಮನೆ ಹಿರಿಯರೊಬ್ಬರಿಗೆ ಆ ಹದಿನೈದು ದಿನ ನಿದ್ದೆ ಇಲ್ಲ. ಅವರ ಶಾಪ ಇಲ್ಲಿ ಬರೆಯೋ ಹಾಗಿಲ್ಲ.) ಅಷ್ಟು ದೂರದಿಂದ ಕೇಳುವಾಗ ಒಂದು ವಿಚಿತ್ರ ಸೋಸುವಿಕೆ ನಡೆಯುತ್ತೆ. ಹಾಡುವವರ ಮಾತು ತಿಳಿಯಲ್ಲ, ಗಿಟಾರಿನ ಕುಸುರಿಯಂತೂ ಗಾಳಿಗೇ ಹೋಯ್ತು. ಬಂದು ತಲುಪೋದು ಎರಡೇ: ಡ್ರಮ್ಮಿನ ಗುದ್ದು, ಮತ್ತೆ ಜನ ಸೇರಿ ಹಾಡಿದ ಸಾಲು. ವೇದಿಕೆ ಮೇಲೆ ಯಾರೇ ಇರಲಿ, ಯಾವ ಹಾಡಿನಲ್ಲಿ ಜನರಿಗೆ ಮಾಡೋಕೆ ಏನಾದರೂ ಕೆಲಸ ಇರುತ್ತೋ ಆ ಹಾಡು ತಾರಸಿ ತಲುಪುತ್ತೆ. ಬರೀ ಕೇಳಬೇಕಾದ ಹಾಡು ತಲುಪಲ್ಲ. ಸೆಟ್‌ಲಿಸ್ಟೂ ವರ್ಷದಿಂದ ವರ್ಷಕ್ಕೆ ಸೋಸಿಕೊಂಡು ಬರೋದು ಇದೇ ಜರಡಿಯಲ್ಲಿ. ಬ್ಯಾಂಡಿನ ಒಳ್ಳೆ ಹಾಡು ಉಳಿಯುತ್ತೆ ಅನ್ನೋದು ನಮ್ಮ ಭ್ರಮೆ. ಉಳಿಯೋದು ಜನರಿಗೆ ಕೆಲಸ ಕೊಟ್ಟ ಹಾಡು.

‘ಮೈಸೂರ್ ಸೆ ಆಯಿ’ಯನ್ನೇ ತಗೊಳ್ಳಿ. ನಮ್ಮೂರ ಹೆಸರು ಹೊತ್ತು ಜಗತ್ತು ಸುತ್ತಿದ ಹಾಡು ಇರೋದು ಹಿಂದೀಲಿ! ಮೈಸೂರಲ್ಲೇ ಮೈಸೂರಿನವರು ಅದನ್ನು ಹಿಂದೀಲೇ ಕೂಗ್ತಾರೆ, ಯಾರಿಗೂ ಮುಜುಗರ ಇಲ್ಲ. ಊರ ಹೆಸರು ಕೂಗೋದು ಅನ್ನೋ ಕೆಲಸ ಜನರಿಗೆ ಸಿಕ್ಕಿದೆ, ಅಷ್ಟು ಸಾಕು. ‘ಸೈಕೋ’ ಸಿನಿಮಾದ ‘ನಿನ್ನ ಪೂಜೆಗೆ ಬಂದೆ ಮಾದೇಶ್ವರಾ’ ಕೂಡ 2008ರದ್ದೇ. ಸಿನಿಮಾ ಯಾರಿಗೆ ನೆನಪಿದೆಯೋ ಇಲ್ಲವೋ, ಹಾಡಿನ ಕಥೆ ಬೇರೆ. ಬೇರೆ ಊರಲ್ಲಿ ಅದು ಕುಣಿಯೋ ಹಾಡು, ಮೈಸೂರು ಚಾಮರಾಜನಗರದ ಕಡೆಯವರಿಗೆ ಮಾದಪ್ಪನ ಹೆಸರು ಬಂದ ತಕ್ಷಣ ಕಂಸಾಳೆ ನೆನಪಾಗಿ ಕೈ ತಾನಾಗಿ ಮೇಲೇಳುತ್ತೆ. ಈ ಎರಡನ್ನೂ ಪಟ್ಟಿಯಿಂದ ತೆಗೀರಿ ಅನ್ನೋಕೆ ನನಗೆ ಹುಚ್ಚಾ?

ನನ್ನ ತಕರಾರು ಇರೋದು ಷರೀಫರ ವಿಚಾರದಲ್ಲಿ.

ಈ ಬ್ಯಾಂಡಿನ ನಿಜವಾದ ಹಳೇ ಹಾಡುಗಳು ಅವರವಲ್ಲ, ಶಿಶುನಾಳ ಷರೀಫರವು. ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಮೊದಲ ಆಲ್ಬಮ್ಮಿನಲ್ಲೇ ‘ಗುಡುಗುಡಿಯ ಸೇದಿ ನೋಡೋ’ ಇದೆ, ‘ಸೋರುತಿಹುದು ಮನಿಯ ಮಾಳಿಗಿ’ ಇದೆ. ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಇದೆ. ಗಿಟಾರು ಹಿಡಿದ ಹುಡುಗರ ತಲೆಮಾರಿಗೆ ಷರೀಫರನ್ನು ತಲುಪಿಸಿದ್ದು ರಘು ದೀಕ್ಷಿತರ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಮುಂಚಿನ ತಲೆಮಾರಿಗೆ ಅದೇ ಕೆಲಸ ಮಾಡಿದ್ದು ಸಿ. ಅಶ್ವಥ್. 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾ ಮನೆ ಮನೆಗೆ ಹೋಯ್ತು. 2005ರಲ್ಲಿ ಅದೇ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಮಾಡಿ, ಯಾವ ರಾಕ್ ಬ್ಯಾಂಡಿಗೂ ಕಮ್ಮಿ ಇಲ್ಲದಷ್ಟು ಜನ ಸೇರಿಸಿದ್ರು ಅಶ್ವಥ್.

ಆದರೆ ನೋಡಿ, ತತ್ವಪದ ಅನ್ನೋದು ಹಿಟ್ ಹಾಡಲ್ಲ. ಪಲ್ಲವಿಯಲ್ಲಿ ಒಂದು ಒಗಟು ಇಟ್ಟು ಚರಣದಲ್ಲಿ ಒಂದೊಂದೇ ಎಳೆ ಬಿಚ್ಚೋದು ಅದರ ರೀತಿ. ಗುಡುಗುಡಿ ಸೇದೋ ಹುಕ್ಕಾ ಅಂತ ಶುರುವಾಗಿ ಚರಣಕ್ಕೆ ಬರುವಷ್ಟರಲ್ಲಿ ನಮ್ಮ ದೇಹವೇ ಆಗಿರುತ್ತೆ. ಸೋರುವ ಮಾಳಿಗೆ ಯಾವ ಮನೆಯದು ಅಂತ ಗೊತ್ತಾಗೋದೂ ಚರಣದಲ್ಲೇ. ಪಲ್ಲವಿ ಜನರಿಗೆ ಕೆಲಸ ಕೊಡುತ್ತೆ, ಸರಿ. ಚರಣ ಮೌನ ಕೇಳುತ್ತೆ. ನಾನು ಮೈಸೂರಲ್ಲಿ ಕೇಳಿದಾಗಲೆಲ್ಲ ಆದದ್ದು ಇಷ್ಟು: ಪಲ್ಲವಿಗೆ ಚಪ್ಪಾಳೆ, ಚರಣದ ಹೊತ್ತಿಗೆ ಡ್ರಮ್ಮು ಏರಿ ಮಾತು ಮುಳುಗಿ, ಜನ ಮುಂದಿನ ಪಲ್ಲವಿಗೆ ಕಾಯ್ತಾ ನಿಂತರು. ಗುಡುಗುಡಿಗೆ ಎಲ್ಲರೂ ಕುಣಿದ್ವಿ. ಸೇದಿದವರು ಕಮ್ಮಿ.

ಇದಕ್ಕೆ ‘ರಾಕ್ ಅಂದ್ರೆ ಹಾಗೇ ಸಾರ್’ ಅನ್ನಬಹುದು. ಇರಲಿ, ನಮ್ಮೂರಲ್ಲೇ ಇನ್ನೊಂದು ದಾರಿ ಇದೆಯಲ್ಲ. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣೇಶೋತ್ಸವಕ್ಕೆ ಹೋಗಿ ಕೂತವರಿಗೆ ಗೊತ್ತು. ಅಲ್ಲಿ ಎಲ್ಲವೂ ಹಳೇ ಹಾಡೇ. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಅವರ ಕೃತಿ ಹಾಡಿದರೆ ‘ಅಯ್ಯೋ ಮತ್ತೆ ಅದೇನಾ’ ಅಂತ ಯಾರೂ ಗೊಣಗಲ್ಲ. ಯಾಕಂದ್ರೆ ಕೃತಿ ಹಳೇದಾದರೂ ಇವತ್ತಿನ ನೆರವಲು, ಇವತ್ತಿನ ಸ್ವರಪ್ರಸ್ತಾರ ಇವತ್ತಿನದೇ. ಒಂದೇ ಸಾಲನ್ನು ಹತ್ತು ನಿಮಿಷ ತಿರುಗಿಸಿ ತಿರುಗಿಸಿ ನೋಡ್ತಾರೆ. ಕೊನೇಲಿ ಸಭಿಕರ ಚೀಟಿಗಳು ವೇದಿಕೆಗೆ ಹೋಗ್ತವೆ, ಅಲ್ಲೊಂದು ದೇವರನಾಮ, ಇಲ್ಲೊಂದು ಜಾವಳಿ. ರಾಕ್ ಬ್ಯಾಂಡಿನ ಅಭಿಮಾನಿಗೆ ಆಲ್ಬಮ್ಮಿನಲ್ಲಿ ಇದ್ದ ಹಾಗೇ ಬೇಕು. ಕಛೇರಿಗೆ ಹೋದವನಿಗೆ ಇವತ್ತು ಹೇಗೆ ಹಾಡ್ತಾರೆ ಅನ್ನೋ ಕುತೂಹಲ.

ಷರೀಫರ ಪದ ಈ ಎರಡು ಮನೆಗೂ ಸೇರಬಹುದಾದದ್ದು. ಬ್ಯಾಂಡು ಅದನ್ನು ಪೂರಾ ಮೊದಲನೇ ಮನೆಗೆ ಕೊಟ್ಟುಬಿಟ್ಟಿದೆ ಅನ್ನೋದೇ ನನ್ನ ದೂರು. 2008ರಲ್ಲಿ ಧ್ವನಿಮುದ್ರಣ ಆದ ಮಟ್ಟು, ಅದೇ ತಿರುವು, ಅದೇ ಜಾಗದಲ್ಲಿ ನಿಲ್ಲಿಸಿ ಜನರ ಕಡೆ ಮೈಕು ಹಿಡಿಯೋದು. ಷರೀಫರ ಹೆಸರಲ್ಲಿ ನೂರಾರು ಪದಗಳಿವೆ. ಪಟ್ಟಿಯಲ್ಲಿ ತಿರುಗೋದು ಮೂರು ನಾಲ್ಕು. ಹೊಸದೊಂದು ಪದ ಸೇರಿಸಿ ಅಂತಲೂ ನಾನು ಕೇಳ್ತಾ ಇಲ್ಲ, ಇರೋದನ್ನೇ ಒಂದು ಸಂಜೆ ಬೇರೆ ಥರ ಹಾಡಿ ಅಂತ.

ಸುಲಭ ಅಲ್ಲ ಅಂತ ಗೊತ್ತು. ಬಯಲಲ್ಲಿ ಸಾವಿರಾರು ಜನರನ್ನು ಸುಮ್ಮನೆ ನಿಲ್ಲಿಸೋದು ಒಬ್ಬ ಹಾಡುಗಾರನ ಕೈಲಿ ಆಗೋ ಕೆಲಸ ಅಲ್ಲ. ಬ್ಯಾಂಡಿನಲ್ಲಿ ವಾದಕರು ಬದಲಾಗ್ತಾ ಇರ್ತಾರೆ. ಇವತ್ತಿನ ಹುಡುಗನಿಗೆ ಎಲ್ಲ ಹಾಡೂ ಬಾಯಿಪಾಠ ಇರಲ್ಲ, ಅಭ್ಯಾಸಕ್ಕೆ ಸಿಗೋದು ಎರಡು ಮೂರು ದಿನ. ವಯಸ್ಸಾದಂತೆ ಗಂಟಲು ಶ್ರುತಿ ಇಳಿಸು ಅನ್ನುತ್ತೆ. ಇದಕ್ಕಿಂತ ದೊಡ್ಡ ಕಷ್ಟವನ್ನು ದೆಹಲಿಯ ಇಂಡಿಯನ್ ಓಶನ್ ಬ್ಯಾಂಡು ದಾಟಿದೆ. 2009ರ ಡಿಸೆಂಬರಿನಲ್ಲಿ ಅವರ ಅಶೀಮ್ ಚಕ್ರವರ್ತಿ ತೀರಿಕೊಂಡರು. ನಾಲ್ಕೇ ದಿನದಲ್ಲಿ ಇಲ್ಲಿ ಅಶ್ವಥ್ ಹೋದರು, ಎಂಥ ಕೆಟ್ಟ ವಾರ ಅದು. ಅಶೀಮ್ ಅವರ ದನಿ, ಅವರ ತಬಲಾ ಇಲ್ಲದೆ ‘ಕಂದೀಸಾ’ ಹೇಗೆ? ಆ ಬ್ಯಾಂಡು ಹಳೇ ಹಾಡುಗಳನ್ನು ಬಿಡಲಿಲ್ಲ, ಅಶೀಮ್ ಥರಾ ಹಾಡೋಕೂ ಹೋಗಲಿಲ್ಲ. ಬೇರೆ ಗಂಟಲು ಬಂದು ಹಾಡು ಬೇರೆಯಾಯ್ತು, ಜನ ಒಪ್ಪಿಕೊಂಡ್ರು. ಹಾಡು ಗಟ್ಟಿ ಇದ್ದರೆ ಕೇಳುಗ ಅಷ್ಟೇನೂ ಹಟಮಾರಿ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಇನ್ನೊಂದು ಮಾತು. ಮೊದಲ ಆಲ್ಬಮ್ಮಿನಲ್ಲಿ ಒಂದು ಇಂಗ್ಲಿಷ್ ಪ್ರೇಮಗೀತೆ ಇದೆ, ‘ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡೂ’. ಮೆತ್ತಗಿನ ಹಾಡು. ಐವತ್ತು ದಾಟಿದವರ ಬಾಯಲ್ಲಿ ಆ ಮಾತು ಕೇಳಿದ್ರೆ ಮೊದಲಿನ ಹುಮ್ಮಸ್ಸಿಗಿಂತ ಸ್ವಲ್ಪ ಗಾಬರಿಯೇ ಜಾಸ್ತಿ ಕೇಳಿಸುತ್ತೆ, ಅದೂ ಚೆನ್ನಾಗೇ ಇದೆ. ಆದರೆ ಇಂಥ ಹಾಡು ಒಬ್ಬ ಮನುಷ್ಯನ ವಯಸ್ಸಿಗೆ ಅಂಟಿಕೊಂಡಿರುತ್ತೆ, ಅವರ ಜೊತೇಲೇ ಮುದಿಯಾಗುತ್ತೆ. ತತ್ವಪದಕ್ಕೆ ಆ ತೊಂದರೆ ಇಲ್ಲ. ಮಾಳಿಗೆ ಸೋರುತ್ತಿದೆ ಅಂತ ಮೂವತ್ತರಲ್ಲಿ ಹಾಡಿದ್ದಕ್ಕಿಂತ ಐವತ್ತರಲ್ಲಿ ಹಾಡಿದರೆ ನಂಬೋಕೆ ಸುಲಭ. ಅರವತ್ತರಲ್ಲಿ ಇನ್ನೂ ಸುಲಭ. ಕೈಯಲ್ಲಿ ಇಂಥ ಹಾಡಿಟ್ಟುಕೊಂಡು ಅದನ್ನು ಇಪ್ಪತ್ತರ ವಯಸ್ಸಿನವರು ಕುಣಿಯೋ ವೇಗದಲ್ಲೇ ಓಡಿಸೋದು ಯಾಕೆ?

2024ರಿಂದ ಯುವ ದಸರಾ ಉತ್ತನಹಳ್ಳಿ ಕಡೆಗೆ ಹೋಗಿದೆ. ಎದುರು ಮನೆಯವರಿಗೆ ಅರ್ಧ ನಿದ್ದೆ ವಾಪಸ್ ಸಿಕ್ಕಿದೆ. ನಾವು ಈಗ ಗಾಡಿ ತಗೊಂಡು ಟ್ರಾಫಿಕ್ಕಲ್ಲಿ ಒದ್ದಾಡಿ ಹೋಗಬೇಕು. ರಘು ದೀಕ್ಷಿತರ ಮುಂದಿನ ಮೈಸೂರು ಕಾರ್ಯಕ್ರಮಕ್ಕೆ ಎಲ್ಲೇ ಆದರೂ ಹೋಗ್ತೀನಿ. ಎಂಟನೇ ಕ್ರಾಸಿನ ಅಭ್ಯಾಸದಂತೆ ಒಂದು ಚೀಟಿ ಬರೆದುಕೊಂಡು. ‘ಸೋರುತಿಹುದು’, ಡ್ರಮ್ಮಿಲ್ಲದೆ, ಒಂದೇ ಗಿಟಾರು, ಎಲ್ಲ ಚರಣ, ನಿಧಾನಕ್ಕೆ. ‘ಮೈಸೂರ್ ಸೆ ಆಯಿ’ಗಿಂತ ಮುಂಚೆ ಬಂದರೆ ಒಳ್ಳೇದು, ಆಮೇಲೆ ಯಾರೂ ಸುಮ್ಮನಿರಲ್ಲ.