ಮೂಗುತಿಗೆ ಎಷ್ಟು ಇಂಚಿನ ಕಾಯಿಲ್?

ಮೆಟಲ್ ಡಿಟೆಕ್ಟರ್ ಕೊಳ್ಳುವವರಿಗೆ ಅಂತಲೇ ಯೂಟ್ಯೂಬ್‌ನಲ್ಲಿ ಒಂದು ಜಾತಿಯ ವಿಡಿಯೋಗಳಿವೆ. ಭಾಷೆ ಯಾವುದಾದರೂ ಕಥೆ ಒಂದೇ. ಮೇಜಿನ ಮೇಲೆ ಹೊಸ ಯಂತ್ರ, ಪಕ್ಕದಲ್ಲಿ ಬೇರೆ ಬೇರೆ ಅಳತೆಯ ಸರ್ಚ್ ಕಾಯಿಲ್‌ಗಳು. ಒಬ್ಬರು ನಾಣ್ಯವೊಂದನ್ನು ಬೆರಳಲ್ಲಿ ಹಿಡಿದು ಕಾಯಿಲ್ ಎದುರು ಆಡಿಸ್ತಾರೆ, ಇನ್ನೊಬ್ಬರು ಟೇಪ್ ಹಿಡಿದು ಇಂಚು ಓದ್ತಾರೆ. ಚಿಕ್ಕ ಕಾಯಿಲ್‌ಗೆ ಇಷ್ಟು, ದೊಡ್ಡದಕ್ಕೆ ಅಷ್ಟು. ಕೊನೆಗೆ ತೀರ್ಪು: ದುಡ್ಡಿದ್ದರೆ ದೊಡ್ಡದೇ ತಗೊಳ್ಳಿ, ಆಳ ಜಾಸ್ತಿ ಸಿಗುತ್ತೆ.

ಈ ತೀರ್ಪು ಸುಳ್ಳಲ್ಲ. ಗಾಳಿಯಲ್ಲಿ ಅದು ನಿಜವೇ. ತೊಂದರೆ ಏನಂದ್ರೆ ಯಾರೂ ಗಾಳಿಯಲ್ಲಿ ಏನನ್ನೂ ಕಳೆದುಕೊಳ್ಳೋದಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ 'ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡ್ತಿತ್ತಲ್ಲ' ಅಂತ ಒಂದು ಹಳೇ ಸಬೂಬು ಇದೆ. ಈ ನಾಣ್ಯ ಆಡಿಸುವ ಪರೀಕ್ಷೆಯೂ ಅದೇ ಜಾತಿಯದು. ಯಂತ್ರದ ಬಗ್ಗೆ ಎಲ್ಲಾ ಹೇಳುತ್ತೆ, ಅದು ಕೆಲಸ ಮಾಡಬೇಕಾದ ಮಣ್ಣಿನ ಬಗ್ಗೆ ಚಕಾರ ಎತ್ತೋದಿಲ್ಲ. ಈ ವಿಡಿಯೋಗಳ ಸಲಹೆಯನ್ನ ಹಾಗೇ ಕಾರಿನ ಡಿಕ್ಕಿಗೆ ಹಾಕ್ಕೊಂಡು ಕಳಸ, ಕುದುರೆಮುಖದ ಕಡೆ ಘಾಟಿ ಹತ್ತಿದರೆ ಏನಾಗುತ್ತೆ ಅಂತ ನೋಡೋಣ.

ಮೊದಲು ಕಾಯಿಲ್ ಏನು ಮಾಡುತ್ತೆ ಅನ್ನೋದು. ಆ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿ ಇರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನ ನೆಲಕ್ಕೆ ಕಳಿಸುತ್ತೆ. ಅದು ಲೋಹಕ್ಕೆ ತಾಗಿದಾಗ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ, ಆ ಸುಳಿಗಳಿಂದ ಮತ್ತೊಂದು ದುರ್ಬಲ ಕಾಂತಕ್ಷೇತ್ರ ಹುಟ್ಟುತ್ತೆ. ಎರಡನೇ ಸುರುಳಿ ಕೇಳಿಸಿಕೊಳ್ಳೋದು ಅದನ್ನ. ಹೋಗುವಾಗ ದೂರದ ಘನಕ್ಕೆ ತಕ್ಕಂತೆ ಶಕ್ತಿ ಕುಗ್ಗುತ್ತೆ, ವಾಪಸ್ ಬರುವಾಗ ಮತ್ತೆ ಅಷ್ಟೇ ಕುಗ್ಗುತ್ತೆ. ಅಂದರೆ ಸಣ್ಣ ವಸ್ತುವೊಂದು ಇರುವುದಕ್ಕಿಂತ ಎರಡರಷ್ಟು ಆಳಕ್ಕೆ ಹೋದರೆ ಸಿಗ್ನಲ್ ಅರ್ಧ ಆಗೋದಿಲ್ಲ, ಹತ್ತಿರ ಹತ್ತಿರ 64ರಲ್ಲಿ ಒಂದು ಪಾಲಾಗುತ್ತೆ. ಎರಡಿಂಚು ಆಳ ಹೆಚ್ಚಿಸಲು ಕಂಪನಿಗಳು ಯಾಕೆ ಅಷ್ಟು ಒದ್ದಾಡ್ತವೆ ಅಂತ ಇದರಲ್ಲೇ ಗೊತ್ತಾಗುತ್ತೆ. ಮಾರ್ಕೆಟಿಂಗ್‌ನವರು 'ಆಳ' ಅನ್ನೋ ಒಂದೇ ಪದಕ್ಕೆ ಯಾಕೆ ಜೋತುಬಿದ್ದಿದ್ದಾರೆ ಅಂತಲೂ.

ಈಗ ಕುದುರೆಮುಖದ ನೆಲ. ಇಲ್ಲಿ ಕಬ್ಬಿಣದ ಅದಿರು ಇದೆ ಅಂತ 1913ರಲ್ಲಿ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ಸುಪ್ರೀಂ ಕೋರ್ಟಿನ 2002ರ ಆದೇಶದ ನಂತರ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಅದಿರು ಮ್ಯಾಗ್ನೆಟೈಟ್ ಅನ್ನೋದು. ಹೆಸರಲ್ಲೇ ಮ್ಯಾಗ್ನೆಟ್ ಇದೆ. ಕಬ್ಬಿಣದ ಅಂಶ ಕಮ್ಮಿ ಇದ್ದ ಆ ಕಲ್ಲನ್ನ ಪುಡಿ ಮಾಡಿ, ಅಯಸ್ಕಾಂತದಿಂದಲೇ ಬೇರ್ಪಡಿಸಿ, ನೀರಲ್ಲಿ ಕದಡಿ ಪೈಪ್‌ಲೈನಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸ್ತಿದ್ದರು. ಉಳಿದ ಹೂಳು ಇವತ್ತಿಗೂ ಲಕ್ಯಾ ಅಣೆಕಟ್ಟಿನ ಹಿಂದೆ ಕೂತಿದೆ. ಒಂದು ಇಡೀ ಕಾರ್ಖಾನೆಯ ಬದುಕು ನಡೆದದ್ದೇ ಈ ಬೆಟ್ಟ ಅಯಸ್ಕಾಂತಕ್ಕೆ ಅಂಟುತ್ತೆ ಅನ್ನೋ ಗುಣದ ಮೇಲೆ.

ಅಂಥ ಬೆಟ್ಟದ ಮೇಲೆ ಕಾಯಿಲ್ ಹಿಡಿದರೆ ಅದಕ್ಕೆ ಮೊದಲು ಕೇಳಿಸೋದು ಬೆಟ್ಟವೇ. (ಹಿಡಿಯೋಕೆ ಹೋಗಬೇಡಿ ಮಾರಾಯ್ರೆ. 1987ರಿಂದ ಅದು ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಒಳಗೆ ಹೋದರೆ ಅರಣ್ಯ ಇಲಾಖೆಯವರು ನಿಮ್ಮನ್ನೇ ಡಿಟೆಕ್ಟ್ ಮಾಡ್ತಾರೆ.) ಉದ್ಯಾನದ ಹೊರಗೆ, ಕಳಸ ಮೂಡಿಗೆರೆ ಕಡೆಯ ಕಾಫಿ ತೋಟಗಳ ಕೆಂಪು ಜಂಬಿಟ್ಟಿಗೆ ಮಣ್ಣಿನ ಕತೆಯೂ ಬಹಳ ಬೇರೆ ಅಲ್ಲ. ಆ ಕೆಂಪು ಬಣ್ಣವೇ ಕಬ್ಬಿಣದ್ದು. ನಂಬಿಕೆ ಬರದಿದ್ದರೆ ಭದ್ರೆಯ ದಂಡೆಯ ಮರಳಲ್ಲಿ ಒಂದು ಅಯಸ್ಕಾಂತ ಎಳೆದು ನೋಡಿ, ಕಪ್ಪು ಪುಡಿ ಮೀಸೆ ಬಂದ ಹಾಗೆ ಹಿಡಿದುಕೊಳ್ಳುತ್ತೆ.

ಈ ತೊಂದರೆ ಯಂತ್ರದಷ್ಟೇ ಹಳೆಯದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ, ಮೈಯೊಳಗೆ ಗುಂಡು ಎಲ್ಲಿ ಕೂತಿದೆ ಅಂತ ಹುಡುಕೋಕೆ ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಸುರುಳಿಗಳ ಯಂತ್ರ ತಂದಿದ್ದರು. ಹೊರಗೆ ಪರೀಕ್ಷೆ ಮಾಡಿದಾಗ ಚೆನ್ನಾಗೇ ಕೆಲಸ ಮಾಡಿದ ಯಂತ್ರ ಅಧ್ಯಕ್ಷರ ಹಾಸಿಗೆ ಹತ್ತಿರ ಗೊಂದಲಕ್ಕೆ ಬಿತ್ತು. ಹಾಸಿಗೆಯೊಳಗಿದ್ದ ಉಕ್ಕಿನ ಸ್ಪ್ರಿಂಗ್‌ಗಳೂ ಅದಕ್ಕೆ ಕಾರಣ. ಜೊತೆಗೆ, ಗುಂಡು ಬಲಗಡೆಯೇ ಇದೆ ಅಂತ ಹಟ ಹಿಡಿದಿದ್ದ ವೈದ್ಯರು ಆ ಕಡೆ ಮಾತ್ರ ಹುಡುಕೋಕೆ ಬಿಟ್ಟರು. ನೂರ ನಲವತ್ತು ವರ್ಷದ ನಂತರವೂ ನಮ್ಮ ವಿಡಿಯೋದವರು ಹಾಸಿಗೆಯನ್ನ ಲೆಕ್ಕಕ್ಕೆ ತಗೊಂಡಿಲ್ಲ. ನಮ್ಮ ಕಡೆ ಇಡೀ ನೆಲವೇ ಸ್ಪ್ರಿಂಗ್ ಹಾಸಿಗೆ.

ಹಾಗಾದರೆ ಇಂಥ ಮಣ್ಣಿಗೆ ಯಾವ ಕಾಯಿಲ್? ಇಲ್ಲಿ ಆಕಾರ, ಅಳತೆ ಎರಡೂ ಲೆಕ್ಕಕ್ಕೆ ಬರುತ್ತವೆ.

ಕಾನ್ಸೆಂಟ್ರಿಕ್ ಅನ್ನೋ ಕಾಯಿಲ್‌ನಲ್ಲಿ ಒಂದು ಸುರುಳಿಯೊಳಗೆ ಇನ್ನೊಂದು ಸುರುಳಿ, ಎರಡಕ್ಕೂ ಒಂದೇ ಕೇಂದ್ರ. ಅದರ ನೋಟ ನೆಲದೊಳಗೆ ಆಲಿಕೆಯ ಆಕಾರದಲ್ಲಿ ಇಳಿಯುತ್ತೆ. ಸಾಧು ಮಣ್ಣಿನಲ್ಲಿ ವಸ್ತು ಇರೋ ಜಾಗವನ್ನ ಚುಕ್ಕಿ ಇಟ್ಟ ಹಾಗೆ ತೋರಿಸುತ್ತೆ. ಆದರೆ ಒಮ್ಮೆಗೇ ಬಹಳ ಮಣ್ಣನ್ನ ನೋಡೋದರಿಂದ ಕಬ್ಬಿಣದ ನೆಲದಲ್ಲಿ ಗಲಾಟೆ ಜಾಸ್ತಿ. ಡಬಲ್ ಡಿ ಅನ್ನೋದರಲ್ಲಿ ಡಿ ಅಕ್ಷರದ ಎರಡು ಸುರುಳಿ ಬೆನ್ನಿಗೆ ಬೆನ್ನು ಹಚ್ಚಿ ಸ್ವಲ್ಪ ಒಂದರ ಮೇಲೊಂದು ಕೂತಿರುತ್ತವೆ. ಅದರ ಮುಖ್ಯ ನೋಟ ಮಧ್ಯದ ಪಟ್ಟಿಯಲ್ಲಿ, ಕತ್ತಿಯ ಅಲಗಿನ ಹಾಗೆ. ಒಮ್ಮೆಗೆ ನೋಡುವ ಮಣ್ಣು ಕಮ್ಮಿ, ಹಾಗಾಗಿ ಗಲಾಟೆಯೂ ಕಮ್ಮಿ. ನಮ್ಮ ಕಡೆಗೆ ಡಬಲ್ ಡಿ ಅಂತ ಕಣ್ಣು ಮುಚ್ಚಿ ಹೇಳಬಹುದು. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೇ ಈ ವ್ಯತ್ಯಾಸ ಇರುತ್ತೆ. ಗ್ಯಾರೆಟ್ ಏಸ್ 300ರ ಜೊತೆ ಬರೋದು ಕಾನ್ಸೆಂಟ್ರಿಕ್, ಏಸ್ 400ರ ಜೊತೆ ಡಬಲ್ ಡಿ. ಆದರೆ ಆ ಎರಡರಲ್ಲೂ ನೆಲದ ಸದ್ದನ್ನ ಕಳೆಯುವ ಗ್ರೌಂಡ್ ಬ್ಯಾಲೆನ್ಸ್ ಕಂಪನಿಯಲ್ಲೇ ಗೊತ್ತು ಮಾಡಿ ಕಳಿಸಿದ್ದು, ನಿಮ್ಮ ತೋಟದ ಮಣ್ಣಿಗೆ ಹೊಂದಿಸಿಕೊಳ್ಳೋಕೆ ಆಗೋದಿಲ್ಲ. ಹಾಗಾಗಿ ಕಾಯಿಲ್ ಒಂದನ್ನೇ ನೋಡಿ ಯಂತ್ರ ಕೊಳ್ಳೋದೂ ಅರ್ಧ ಬುದ್ಧಿವಂತಿಕೆಯೇ.

ಅಳತೆಯ ವಿಷಯದಲ್ಲಿ ವಿಡಿಯೋಗಳು ಪೂರ್ತಿ ತಲೆಕೆಳಗು. ದೊಡ್ಡ ಕಾಯಿಲ್ ದೊಡ್ಡ ವಸ್ತುವನ್ನ ಆಳದಲ್ಲಿ ಕಾಣುತ್ತೆ, ನಿಜ. ಅದರ ಜೊತೆ ಹೆಚ್ಚು ಮಣ್ಣನ್ನೂ ಕಾಣುತ್ತೆ. ಕಬ್ಬಿಣ ತುಂಬಿದ ಮಣ್ಣಲ್ಲಿ ಆ ಹೆಚ್ಚುವರಿ ಮಣ್ಣಿನ ಸದ್ದೇ ಮೂಗುತಿಯ ಸದ್ದನ್ನ ನುಂಗಿಬಿಡುತ್ತೆ. ಇಂಥ ನೆಲದಲ್ಲಿ ಸೆನ್ಸಿಟಿವಿಟಿ ಇಳಿಸಿದರೆ ಆಳ ಹೆಚ್ಚಾಗುತ್ತೆ ಅನ್ನೋ ಉಲ್ಟಾ ಅನುಭವ ಡಿಟೆಕ್ಟರ್ ಹಿಡಿದು ಪಳಗಿದವರಿಗೆಲ್ಲ ಗೊತ್ತು. ವಾಲ್ಯೂಮ್ ಏರಿಸಿದರೆ ರೇಡಿಯೋದ ಕರಕರವೂ ಏರುತ್ತಲ್ಲ, ಹಾಗೆ. ಇನ್ನೊಂದು ಪೇಚು: ಇಂಥ ಮಣ್ಣಲ್ಲಿ ಸ್ವಲ್ಪ ಆಳಕ್ಕಿಳಿದ ಚಿನ್ನ, ತಾಮ್ರ ಕೂಡ ಪರದೆಯ ಮೇಲೆ ಕಬ್ಬಿಣದ ಹಾಗೆ ಕಾಣಬಹುದು. 'ಕಬ್ಬಿಣ ಬೇಡ' ಅಂತ ಸೆಟ್ ಮಾಡಿಟ್ಟು ನಡೆಯೋರು ಅದರ ಮೇಲೆಯೇ ದಾಟಿ ಹೋಗ್ತಾರೆ.

ಇಷ್ಟು ಹೊತ್ತು 'ಏನನ್ನ ಹುಡುಕ್ತಿದ್ದೀರಿ' ಅನ್ನೋ ಪ್ರಶ್ನೆ ಕೇಳಿಯೇ ಇಲ್ಲ, ಗಮನಿಸಿದ್ರಾ? ವಿಡಿಯೋಗಳೂ ಕೇಳೋದಿಲ್ಲ. ನನ್ನ ಮುಖ್ಯ ತಕರಾರು ಇದೇ.

ಕಾಫಿ ಸೀಮೆಯಲ್ಲಿ ನಿಜವಾಗಿ ಕಳೆದುಹೋಗೋದು ಏನು? ಹಣ್ಣು ಕುಯ್ಯುವಾಗ ರೆಂಬೆಗೆ ಸಿಕ್ಕಿ ಉದುರಿದ ಓಲೆ, ಬೆವರಿಗೆ ಜಾರಿದ ಉಂಗುರ, ತಿರುಪು ಸಡಿಲವಾದ ಮೂಗುತಿ, ತಾಳಿಯ ಗುಂಡು. ಇವೆಲ್ಲ ಎಲ್ಲಿರುತ್ತವೆ? ತರಗೆಲೆಯ ಕೆಳಗೆ, ಹೆಚ್ಚೆಂದರೆ ನಾಲ್ಕು ಬೆರಳು ಮಣ್ಣಿನಲ್ಲಿ. ಆಳ ಇಲ್ಲಿ ಸಮಸ್ಯೆಯೇ ಅಲ್ಲ. ವಸ್ತು ಸಣ್ಣದು ಅನ್ನೋದು ಸಮಸ್ಯೆ. ಅದರ ಸುತ್ತ ಮಾತ್ರೆಯ ಫಾಯಿಲ್, ಗುಟ್ಕಾ ಚೀಟಿ, ಬೇಲಿಯ ತಂತಿ ತುಂಡು, ಮೊಳೆ. ಇದರಲ್ಲಿ ಫಾಯಿಲ್ ಮತ್ತು ತೆಳು ಚಿನ್ನ ಯಂತ್ರದ ಕಿವಿಗೆ ಹತ್ತಿರ ಹತ್ತಿರ ಒಂದೇ ಥರ ಕೇಳ್ತವೆ, ಬೇರೆ ಮಾಡಿ ಕೊಡುವ ಬಟನ್ ಯಾವ ಯಂತ್ರದಲ್ಲೂ ಇಲ್ಲ. ಒಂದೊಂದನ್ನೂ ಕೈಯಲ್ಲಿ ತೆಗೆದು ನೋಡಲೇಬೇಕು.

ಇಂಥ ಕೆಲಸಕ್ಕೆ ಬೇಕಾದದ್ದು ಚಿಕ್ಕ ಕಾಯಿಲ್, ಐದಾರು ಇಂಚಿನದು. ಗಿಡದ ಬುಡಕ್ಕೆ, ಬೇರಿನ ಸಂದಿಗೆ ತೂರುತ್ತೆ. ಪಕ್ಕಪಕ್ಕದಲ್ಲಿರೋ ಮೊಳೆ ಮತ್ತು ಓಲೆಯನ್ನ ಬೇರೆಬೇರೆಯಾಗಿ ಕೇಳಿಸುತ್ತೆ. ಸಣ್ಣ ಚಿನ್ನಕ್ಕೆ ಹೆಚ್ಚಿನ ಫ್ರೀಕ್ವೆನ್ಸಿಯೂ ಒಳ್ಳೇದು. ಮೈನ್‌ಲ್ಯಾಬ್‌ನವರ ಗೋಲ್ಡ್ ಮಾನ್‌ಸ್ಟರ್ ಅನ್ನೋ ಯಂತ್ರ ಸಣ್ಣ ಚಿನ್ನದ ಹರಳುಗಳಿಗೆ ಅಂತಲೇ 45 ಕಿಲೋಹರ್ಟ್ಸ್‌ನಲ್ಲಿ ಓಡುತ್ತೆ, ಅದಕ್ಕೆ ಐದು ಇಂಚಿನ ಕಾಯಿಲ್ ಇದೆ. ಅವರದ್ದೇ ಇಕ್ವಿನಾಕ್ಸ್‌ಗೆ ಹನ್ನೊಂದು ಇಂಚಿನ ಕಾಯಿಲ್ ಜೊತೆಗೆ ಬಂದರೂ ಆರು ಇಂಚಿನದು ಬೇರೆ ಸಿಗುತ್ತೆ, 15ಕ್ಕೆ 12 ಇಂಚಿನ ದೊಡ್ಡದೂ ಸಿಗುತ್ತೆ. ವಿಡಿಯೋ ನೋಡಿದವರು ಕೊಳ್ಳೋದು ಆ ಕೊನೆಯದನ್ನ. ಅರ್ಧ ದಿನ ಬೀಸಿದ ಮೇಲೆ ತೋಳು ನೋವು ಬರುತ್ತೆ, ಮೂಗುತಿ ಬರೋದಿಲ್ಲ.

ಹಾಗಾದರೆ ಎಲ್ಲರೂ ಆಳ ಆಳ ಅಂತ ಯಾಕೆ ಬಡ್ಕೊಳ್ತಾರೆ? ಬಿಚ್ಚಿ ಹೇಳ್ತೀನಿ. ಆಳದ ಮಾತು ಮೂಗುತಿ ಕಳೆದುಕೊಂಡವಳಿಗಲ್ಲ, ನಿಧಿ ಹುಡುಕೋನಿಗೆ. ವಿಡಿಯೋದಲ್ಲಿ ಆ ಪದ ಬರದೇ ಇರಬಹುದು. ಆದರೆ ನಾಲ್ಕೈದು ಅಡಿ ಕೆಳಗಿರೋ ಕೊಪ್ಪರಿಗೆ ಸೈಜಿನ ವಸ್ತುವಿಗೆ ಬಿಟ್ಟು ಇನ್ಯಾವುದಕ್ಕೆ ಆ ದೊಡ್ಡ ಕಾಯಿಲ್ ಬೇಕು? ಈ ಆಸೆಯ ತುದಿಗೆ ಹೋದರೆ ಕಾಯಿಲ್ಲೇ ಮಾಯವಾಗುತ್ತೆ. ಎರಡು ಕಡ್ಡಿ ಹಿಡಿದು ನೂರಾರು ಮೀಟರ್ ದೂರದ ಚಿನ್ನ ತೋರಿಸ್ತೀವಿ ಅನ್ನೋ 'ಲಾಂಗ್ ರೇಂಜ್' ಯಂತ್ರಗಳೂ ಮಾರಾಟಕ್ಕಿವೆ. ಇಂಥದೇ ಕಡ್ಡಿ ಆಂಟೆನಾವನ್ನ ಬಾಂಬ್ ಪತ್ತೆ ಯಂತ್ರ ಅಂತ ಇರಾಕ್‌ಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ ಕೋರ್ಟು ಹತ್ತು ವರ್ಷ ಜೈಲು ಹಾಕಿತು. ಒಳಗೆ ಕೆಲಸ ಮಾಡೋದು ಏನೂ ಇರಲಿಲ್ಲ.

ನಿಧಿಯ ಹುಚ್ಚಿನ ಬೆಲೆ ಕೊಳ್ಳೋನ ಜೇಬಿಗೆ ಮಾತ್ರ ಬೀಳೋದಾದ್ರೆ ನಾನು ಇಷ್ಟು ಬರೀತಿರಲಿಲ್ಲ. 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನ ನಿಧಿಗಳ್ಳರು ಕೆಡವಿ ಅಗೆದರು. ವಿಜಯನಗರ ಕಾಲದ ಕಲ್ಲಿನ ಕಟ್ಟೋಣ ಒಂದು ರಾತ್ರಿಯಲ್ಲಿ ಚೂರಾಯಿತು. ಹಾಗೆ ಅಗೆಯೋಕೆ ಹಾರೆ ಗುದ್ದಲಿ ಸಾಕು, ಆದರೆ ಹಾರೆ ಎತ್ತಿಸಿದ ನಂಬಿಕೆ ಮತ್ತು ಈ ವಿಡಿಯೋಗಳು ಮಾರುವ ನಂಬಿಕೆ ಒಂದೇ: ಕೆಳಗೆ ಏನೋ ಇದೆ, ಇನ್ನೂ ಸ್ವಲ್ಪ ಆಳಕ್ಕೆ ಹೋಗಬೇಕು ಅಷ್ಟೆ. ಹೊಸ ಯಂತ್ರ ಕೊಳ್ಳುವವರಿಗೆ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಅಂತ ಒಂದಿದೆ, ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅಗೆಯುವುದೇ ಅಪರಾಧ ಅಂತ ಒಂದು ಸಾಲು ಹೇಳೋಕೆ ಎಷ್ಟು ಹೊತ್ತು ಬೇಕು? ಅನ್‌ಬಾಕ್ಸಿಂಗ್‌ಗೆ ಹತ್ತು ನಿಮಿಷ ಕೊಡೋರ ಹತ್ತಿರ ಇದಕ್ಕೆ ಹತ್ತು ಸೆಕೆಂಡ್ ಇರೋದಿಲ್ಲ.

ಒಳ್ಳೆಯ ವಿಮರ್ಶೆ ಹೇಗಿರಬೇಕು? ಮೇಜು ಬಿಟ್ಟು ತೋಟಕ್ಕೆ ಇಳಿಯಬೇಕು. ಕೆಂಪು ಮಣ್ಣಲ್ಲಿ ಒಂದು ಉಂಗುರ, ಒಂದು ಓಲೆ, ಒಂದು ಮೊಳೆ ಹೂತಿಟ್ಟು, ಮಳೆಗೆ ಮುಂಚೆ ಒಂದು ಸಲ, ಮಳೆ ಬಿದ್ದು ನೆಲ ನೆನೆದ ಮೇಲೆ ಒಂದು ಸಲ ನೋಡಬೇಕು. ಗ್ರೌಂಡ್ ಬ್ಯಾಲೆನ್ಸ್ ಕೈಯಲ್ಲಿ ಹೊಂದಿಸೋಕೆ ಬರುತ್ತಾ, ಆ ಯಂತ್ರಕ್ಕೆ ಚಿಕ್ಕ ಕಾಯಿಲ್ ಸಿಗುತ್ತಾ, ಕಾಯಿಲ್ ನೀರಿಗೆ ತಡೆದರೂ ಮೇಲಿನ ಡಬ್ಬ ತಡೆಯುತ್ತಾ ಅಂತ ಹೇಳಬೇಕು. ಒಂದು ಕಂಪನಿಯ ಕಾಯಿಲ್ ಇನ್ನೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಹೊಂದೋದಿಲ್ಲ ಅಂತಲೂ ಮೊದಲೇ ಹೇಳಬೇಕು.

ಅಲ್ಲಿವರೆಗೆ ನಮ್ಮ ಕಡೆಯವರು ಕೇಳಿದರೆ ನನ್ನ ಸಲಹೆ ಇಷ್ಟು. ಗ್ರೌಂಡ್ ಬ್ಯಾಲೆನ್ಸ್ ಹೊಂದಿಸಬಹುದಾದ ಯಂತ್ರ, ಅದಕ್ಕೆ ಒಂದು ಚಿಕ್ಕ ಡಬಲ್ ಡಿ ಕಾಯಿಲ್. ದೊಡ್ಡ ಕಾಯಿಲ್ ದುಡ್ಡಲ್ಲಿ ಮನೆಗೆ ಬೇರೇನಾದ್ರೂ ತಗೊಳ್ಳಿ. ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕಾಗುವ ಸಾಮಾನು ಇದು, ಹಾಗಾಗಿ ಮನೆಗೊಂದು ಬೇಡ, ಊರಿಗೊಂದು ಸಾಕು. ಕುಯಿಲಿನ ಸಮಯದಲ್ಲಿ ಅದು ಆಚೆ ಮನೆಯಿಂದ ಈಚೆ ಮನೆಗೆ ಓಡಾಡ್ತಾ ಇರಲಿ. ಓಲೆ ಕಳೆದುಕೊಂಡ ಕೂಲಿಯವಳಿಗೂ ಅದನ್ನ ಕೇಳೋ ಸಲಿಗೆ ಇರಲಿ.