ಕೈಗೆ ಸಿಗದುದರ ಮುಂದೆ: ಕನ್ನಡದ ಅದ್ಭುತ ಕಥನಗಳನ್ನು ಕುರಿತು

ಕೆಲವು ವರ್ಷಗಳ ಹಿಂದೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಗರಿಗಳ ಭಾನುವಾರದ ಹಿಂದಿನ ವಾರ, ನಾವು ಧರ್ಮೋಪದೇಶದ ತರಗತಿ ನಡೆಸುತ್ತಿದ್ದೆವು. ಯೇಸುಸ್ವಾಮಿಯ ಯಾತನೆಯ ವೃತ್ತಾಂತವನ್ನು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು ಕೇಳಿದ: “ಫಾದರ್, ಯಾರಾದರೂ ಟೈಮ್ ಮಷೀನಿನಲ್ಲಿ ಹಿಂದಕ್ಕೆ ಹೋಗಿ ಯೇಸುವನ್ನು ಶಿಲುಬೆಯಿಂದ ತಪ್ಪಿಸಿಬಿಟ್ಟರೆ ನಮ್ಮ ಗತಿ ಏನಾಗುತ್ತೆ?” ಉಳಿದವರು ನಕ್ಕರು. ನಾವೂ ನಕ್ಕೆವು, ಸಿನಿಮಾದ ಹುಚ್ಚು ಬಿಟ್ಟು ಪಾಠ ಕೇಳು ಎಂದು ಗದರಿಸಿ ಕೂರಿಸಿದೆವು. ಆತ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಒಂದೆರಡು ತಿಂಗಳಲ್ಲಿ ತರಗತಿಗೆ ಬರುವುದನ್ನೂ ನಿಲ್ಲಿಸಿದ. ಈ ಲೇಖನವು ಒಂದರ್ಥದಲ್ಲಿ ಅವನಿಗೆ ನಾವು ಸಲ್ಲಿಸಬೇಕಾಗಿದ್ದ, ತಡವಾದ ಉತ್ತರ.

ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2024ರ ಜುಲೈ 17ರ ದಿನಾಂಕದ ತಮ್ಮ ಪತ್ರವೊಂದರಲ್ಲಿ, ಗುರು ಅಭ್ಯರ್ಥಿಗಳ ತರಬೇತಿಯಲ್ಲಿ ಕಥೆ, ಕಾದಂಬರಿ, ಕಾವ್ಯಗಳ ಓದು ಬಿಡುವಿನ ವೇಳೆಯ ವಿನೋದವಾಗಿ ಉಳಿಯಬಾರದೆಂದು ಆಗ್ರಹಪಡಿಸಿದ್ದಾರೆ. ನಮ್ಮ ಗುರುಮಠಗಳಲ್ಲಿ ಆ ಪತ್ರಕ್ಕೆ ಗೌರವಪೂರ್ವಕ ಸ್ವಾಗತವೇನೋ ದೊರೆಯಿತು. ಆದರೆ ವೈಜ್ಞಾನಿಕ ಕಥನ ಹಾಗೂ ಅದ್ಭುತ ಕಥನಗಳ ವಿಷಯದಲ್ಲಿ ಇಂದಿಗೂ ಎರಡು ಧೋರಣೆಗಳೇ ಬಳಕೆಯಲ್ಲಿವೆ. ಇವು ವಿಶ್ವಾಸಕ್ಕೆ ಕುತ್ತು ಅಥವಾ ಮಕ್ಕಳಾಟ ಎಂದು ದೂರವಿಡುವುದು ಒಂದು. ಪ್ರತಿ ನಾಯಕನಲ್ಲಿಯೂ ಕ್ರಿಸ್ತನ ಹೋಲಿಕೆಯನ್ನು ಹುಡುಕಿ, ಭಾನುವಾರದ ಪ್ರಬೋಧನೆಗೆ ಒಂದು ದೃಷ್ಟಾಂತವನ್ನು ಕಿತ್ತುಕೊಂಡು ಬರುವುದು ಇನ್ನೊಂದು. ಮೊದಲನೆಯದರಲ್ಲಿ ಓದೇ ಇಲ್ಲ. ಎರಡನೆಯದರಲ್ಲಿ ಓದುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ.

ಟೋಲ್ಕಿನ್, ಸಿ. ಎಸ್. ಲೂಯಿಸ್ ಅವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಯಕ್ಷಿಣಿ ಕಥೆಗಳನ್ನು ಕುರಿತು ಟೋಲ್ಕಿನ್ 1939ರಲ್ಲಿ ನೀಡಿದ ಉಪನ್ಯಾಸವನ್ನು ಓದಿದವರೂ ಇದ್ದಾರೆ. ಸೃಷ್ಟಿಕರ್ತನ ಸಾದೃಶ್ಯದಲ್ಲಿ ರೂಪುಗೊಂಡ ಮನುಷ್ಯನು ತಾನೂ ಉಪಸೃಷ್ಟಿಯಲ್ಲಿ ತೊಡಗುತ್ತಾನೆಂಬ ಅವರ ವಿಚಾರವನ್ನು ನಾವೂ ಒಪ್ಪುತ್ತೇವೆ. ಆದರೆ ಅದ್ಭುತ ಕಥನಕ್ಕಾಗಿ ಆಕ್ಸ್‌ಫರ್ಡಿನವರೆಗೆ ಹೋಗುವ ನಾವು ಶಿಕಾರಿಪುರ-ಸೊರಬಗಳ ನೆಲವನ್ನು ದಾಟಿಕೊಂಡೇ ಹೋಗುತ್ತೇವೆಂಬುದನ್ನು ಮರೆಯುತ್ತೇವೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಅಲ್ಲಮಪ್ರಭುವಿನ ಊರು. ಸೊರಬದ ಗಡಿಗೆ ತಾಗಿದಂತೆ, ವರದಾ ನದಿಯ ದಂಡೆಯ ಮೇಲೆ ಬನವಾಸಿಯಿದೆ. ಹದಿನೈದನೆಯ ಶತಮಾನದ ಚಾಮರಸನು ತನ್ನ ‘ಪ್ರಭುಲಿಂಗಲೀಲೆ’ಯಲ್ಲಿ ಈ ಎರಡು ಊರುಗಳ ಪರಿಸರವನ್ನೇ ಅದ್ಭುತದ ರಂಗಭೂಮಿಯಾಗಿಸಿದ. ಬನವಾಸಿಯ ದೊರೆ ಮಮಕಾರನ ಮಗಳು ಮಾಯೆ. ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ನುಡಿಸುವ ಅಲ್ಲಮನಿಗೆ ಆಕೆ ಮನಸೋಲುತ್ತಾಳೆ. ಆದರೆ ಅಪ್ಪಿಕೊಳ್ಳಹೋದ ತೋಳುಗಳಿಗೆ ಏನೂ ಸಿಗುವುದಿಲ್ಲ. ಚಾಮರಸನಿಗಿಂತ ಹಿಂದಿನ ಹರಿಹರನ ರಗಳೆಯಲ್ಲಿ ಅಲ್ಲಮನು ಪ್ರಿಯೆಯ ಸಾವಿನ ದುಃಖದಲ್ಲಿ ಅಲೆಯುತ್ತ, ನೆಲದಲ್ಲಿ ಹೂತುಹೋಗಿದ್ದ ಗುಡಿಯೊಳಗೆ ಯೋಗಿಯೊಬ್ಬನನ್ನು ಕಾಣುತ್ತಾನೆ. ಆ ಯೋಗಿಯ ಹೆಸರು ಅನಿಮಿಷ, ಎಂದರೆ ರೆಪ್ಪೆ ಮಿಟುಕಿಸದವನು. ತೆರೆದ ಕಣ್ಣು, ಬರಿದಾದ ತೋಳು: ಈ ಎರಡು ಚಿತ್ರಗಳು ಕನ್ನಡದ ಅದ್ಭುತ ಕಥನಕ್ಕೆ ಒಂದು ಅಳತೆಗೋಲನ್ನು ಕೊಡುತ್ತವೆಂದು ನಮಗೆ ತೋರುತ್ತದೆ. ತನ್ನನ್ನು ಮೀರಿದುದರ ಮುಂದೆ ಮನುಷ್ಯನು ಕಣ್ಣು ತೆರೆದು ನಿಲ್ಲುತ್ತಾನೆಯೋ, ಅದನ್ನು ಹಿಡಿದು ತನ್ನದಾಗಿಸಿಕೊಳ್ಳಲು ಹೊರಡುತ್ತಾನೆಯೋ? ಒಂದು ಕೃತಿಯ ಯೋಗ್ಯತೆ ಬಹುಮಟ್ಟಿಗೆ ಈ ಪ್ರಶ್ನೆಯಲ್ಲಿ ತೀರ್ಮಾನವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶರಣ ಪರಂಪರೆಯ ಕಾವ್ಯವನ್ನು ನಮ್ಮ ವಿಶ್ವಾಸದ ಮುನ್ಸೂಚನೆಯೆಂದು ಎಳೆತರುವುದು ಆ ಪರಂಪರೆಗೂ ನ್ಯಾಯವಲ್ಲ, ನಮ್ಮದಕ್ಕೂ ಅಲ್ಲ. ಅಲ್ಲಮನ ದೇಹ ಅಪ್ಪುಗೆಗೆ ಸಿಗುವುದಿಲ್ಲ, ಏಕೆಂದರೆ ಆ ಕಾವ್ಯದಲ್ಲಿ ಅವನು ಬಯಲೇ ಆಗಿದ್ದಾನೆ. ಪುನರುತ್ಥಾನಗೊಂಡ ಕ್ರಿಸ್ತನಾದರೋ ಮಗ್ದಲದ ಮರಿಯಳಿಗೆ ತನ್ನನ್ನು ಹಿಡಿದುಕೊಳ್ಳಬೇಡವೆಂದು ಹೇಳಿದರೂ ತೋಮನಿಗೆ ಗಾಯಗಳನ್ನು ಮುಟ್ಟಲು ಹೇಳುತ್ತಾನೆ. ಅವನು ಹಿಡಿತಕ್ಕೆ ಸಿಗದವನು, ಆದರೂ ನಿಜವಾದ ಮೈಯುಳ್ಳವನು. ಕ್ರಿಸ್ತನು ನರಳಿದಂತೆ ಕಾಣಿಸಿಕೊಂಡನೇ ಹೊರತು ನಿಜಕ್ಕೂ ನರಳಲಿಲ್ಲ ಎಂದವರನ್ನು ಅಂತಿಯೋಕ್ಯದ ಸಂತ ಇಗ್ನಾಸಿಯವರು ಎರಡನೆಯ ಶತಮಾನದ ಆರಂಭದಲ್ಲಿಯೇ ಖಂಡಿಸಿದರು. ಆದುದರಿಂದ ನಮ್ಮ ಅಳತೆಗೋಲಿಗೆ ಎರಡನೆಯ ಪ್ರಶ್ನೆಯೊಂದು ಸೇರುತ್ತದೆ: ಈ ಕಥೆಯಲ್ಲಿ ನರಳುವವನ ನೋವು ನಿಜವೇ, ತೋರಿಕೆಯೇ?

ಈ ಎರಡು ಪ್ರಶ್ನೆಗಳನ್ನು ಹಿಡಿದು ನೋಡಿದಾಗ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನಮಗೆ ಎಲ್ಲಕ್ಕಿಂತ ಎತ್ತರದಲ್ಲಿ ಕಾಣುತ್ತದೆ. ಇದನ್ನು ವೈಜ್ಞಾನಿಕ ಕಥನವೆನ್ನಬಹುದೇ ಎಂಬ ತಕರಾರು ಇದೆ. ಇದರಲ್ಲಿ ಬಾಹ್ಯಾಕಾಶ ನೌಕೆಯಿಲ್ಲ. ಅಂಥವನ್ನು ಬಯಸುವವರು ಈ ಪ್ರಕಾರಕ್ಕೆ ಕನ್ನಡದಲ್ಲಿ ದಾರಿ ಮಾಡಿದ ರಾಜಶೇಖರ ಭೂಸನೂರಮಠ ಅವರನ್ನು ಓದಬೇಕು. ಆದರೆ ವಿಜ್ಞಾನದ ಊಹೆಯೊಂದು ಮನುಷ್ಯರ ಬದುಕಿನೊಳಗೆ ಬಂದರೆ ಏನಾಗುತ್ತದೆಂದು ಪರೀಕ್ಷಿಸುವುದೇ ಈ ಪ್ರಕಾರದ ಲಕ್ಷಣವಾದರೆ, ‘ಕರ್ವಾಲೊ’ ಅದರ ಶುದ್ಧ ಉದಾಹರಣೆ. ಕೋಟ್ಯಂತರ ವರ್ಷಗಳ ಹಿಂದಿನ ಜೀವಿಯೊಂದು, ಹಾರುವ ಓತಿ, ಮಲೆನಾಡಿನ ಕಾಡಿನಲ್ಲಿ ಇನ್ನೂ ಉಳಿದಿದೆಯೆಂಬುದೇ ಆ ಊಹೆ. ನಮ್ಮ ಅಡಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಸಣ್ಣ ಓತಿಯನ್ನು ಕಂಡವರಿಗೆ ಈ ಕಲ್ಪನೆ ಎಷ್ಟು ಹತ್ತಿರದ ನೆಲದಿಂದ ಹುಟ್ಟಿದೆಯೆಂಬುದು ತಿಳಿಯುತ್ತದೆ.

ವಿಜ್ಞಾನಿಯ ಹೆಸರು ಕರ್ವಾಲೊ. ಕರಾವಳಿಯ ಕ್ರೈಸ್ತ ಮನೆತನಗಳಲ್ಲಿ ನಾವು ದಿನವೂ ಕೇಳುವ ಹೆಸರಿದು. ತೇಜಸ್ವಿ ಅವರನ್ನು ಧರ್ಮದ ಪ್ರತಿನಿಧಿಯಾಗಿ ಚಿತ್ರಿಸುವುದಿಲ್ಲ. ನಾವೂ ಹಾಗೆ ಓದಬೇಕಾಗಿಲ್ಲ. ನಮ್ಮನ್ನು ತಟ್ಟುವುದು ಅವರು ಮಂದಣ್ಣನನ್ನು ನೋಡುವ ರೀತಿ. ಊರಿನವರ ಕಣ್ಣಿಗೆ ಮಂದಣ್ಣ ಜೇನು ಹಿಡಿಯುತ್ತ ಅಲೆಯುವ, ಮದುವೆಯ ಚಿಂತೆಯಲ್ಲಿ ಮುಳುಗಿದ ಅಬ್ಬೇಪಾರಿ. ಕರ್ವಾಲೊ ಅವರ ಕಣ್ಣಿಗೆ ಅವನೊಬ್ಬ ಹುಟ್ಟು ನಿಸರ್ಗಶಾಸ್ತ್ರಜ್ಞ. ಓತಿಯನ್ನು ಮೊದಲು ಕಂಡವನೂ ಅವನೇ. ಕಳ್ಳಭಟ್ಟಿಯ ಪ್ರಕರಣದಲ್ಲಿ ಅವನು ಸಿಕ್ಕಿಬಿದ್ದಾಗ ಕರ್ವಾಲೊ ಅವನನ್ನು ಕೈಬಿಡುವುದಿಲ್ಲ. ಕೋಟಿ ವರ್ಷಗಳ ಆಚೆಯ ರಹಸ್ಯವನ್ನು ಅರಸುವವನಿಗೆ ಪಕ್ಕದಲ್ಲಿ ನಿಂತ ಬಡವನೂ ಕಾಣಿಸುತ್ತಾನೆ. ಕಾದಂಬರಿಯ ನೈತಿಕ ಬಲ ಇರುವುದು ಇಲ್ಲಿ. ದಟ್ಟ ಕಾಡನ್ನು ಹಾದು ಹೋದ ತಂಡದ ಮುಂದೆ ಕೊನೆಗೆ ಆ ಜೀವಿ ಪ್ರತ್ಯಕ್ಷವಾಗುತ್ತದೆ, ಮತ್ತು ಪ್ರಪಾತದ ಅಂಚಿನಿಂದ ಹಾರಿ ಬಯಲಿನಲ್ಲಿ ಮರೆಯಾಗುತ್ತದೆ. ಯಾರ ಕೈಗೂ ಅದು ಸಿಗುವುದಿಲ್ಲ. ಆದರೂ ಅವರು ಸೋತು ಹಿಂದಿರುಗಿದರೆಂದು ಓದುಗನಿಗೆ ಅನಿಸುವುದಿಲ್ಲ. ಎಮ್ಮಾವುವಿನ ದಾರಿಯ ಇಬ್ಬರು ಶಿಷ್ಯರು ರೊಟ್ಟಿ ಮುರಿಯುವಾಗ ಪ್ರಭುವನ್ನು ಗುರುತಿಸಿದ ಕ್ಷಣದಲ್ಲಿಯೇ ಅವನು ಅವರ ಕಣ್ಣಿಗೆ ಮರೆಯಾದನೆಂದು ಸಂತ ಲೂಕನ ಶುಭಸಂದೇಶ ಹೇಳುತ್ತದೆ. ಓತಿಯು ಕ್ರಿಸ್ತನ ಸಂಕೇತವೆಂದು ನಾವು ಹೇಳುತ್ತಿಲ್ಲ. ಕಾಣುವುದು ಬೇರೆ, ವಶಪಡಿಸಿಕೊಳ್ಳುವುದು ಬೇರೆ ಎಂಬ ವಿವೇಕವನ್ನು ಈ ಕಾದಂಬರಿ ಕಲಿಸುತ್ತದೆ. ಪರಮಪ್ರಸಾದದ ಮುಂದೆ ಮೊಣಕಾಲೂರುವವನಿಗೆ ಅದು ಬೇಕಾದ ವಿವೇಕ.

ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಲನಚಿತ್ರವನ್ನು ನಮ್ಮ ವಿದ್ಯಾರ್ಥಿಗಳು ಬಹುವಾಗಿ ಮೆಚ್ಚುತ್ತಾರೆ. ಪ್ರೇಕ್ಷಕರೇ ಹಣ ಕೂಡಿಸಿ ಮಾಡಿಸಿದ ಚಿತ್ರವಿದು. ನಾಯಕನಟ ಸತೀಶ್ ನಮ್ಮ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತವರು. ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವ ನಿಕ್ಕಿಗೆ ನಿದ್ರೆ ಬಾರದು. ‘ಲೂಸಿಯಾ’ ಎಂಬ ಗುಳಿಗೆಯನ್ನು ನುಂಗಿದರೆ ಕನಸಿನಲ್ಲಿ ಅವನೇ ಪ್ರಸಿದ್ಧ ನಟ. ಎರಡು ಬದುಕುಗಳನ್ನು ಹೆಣೆದಿರುವ ಜಾಣ್ಮೆ ಮೆಚ್ಚತಕ್ಕದ್ದು. ದೃಷ್ಟಿಯ ಪಾಲಕಿಯಾದ ಸಂತ ಲೂಸಿಯಳ ಹೆಸರು ನಿದ್ರೆಯ ಗುಳಿಗೆಗೆ ಬಂದಿರುವುದನ್ನು ಕಂಡು ನಾವು ಸಂತೋಷಪಟ್ಟೆವೆಂಬುದನ್ನೂ ಒಪ್ಪಿಕೊಳ್ಳಬೇಕು.

ಆದರೆ ಚಿತ್ರದ ಕೊನೆಯ ತಿರುವಿನ ಬಗ್ಗೆ ನಮಗೆ ಆಕ್ಷೇಪವಿದೆ. ನಿಜವಾಗಿ ಇದ್ದವನು ನಟನೇ. ಟಾರ್ಚು ಹಿಡಿದವನು ಅವನ ಕನಸು. ಶ್ರೀಮಂತನ ಮನಸ್ಸು ಸರಳ ಬದುಕಿಗಾಗಿ ಹಂಬಲಿಸುತ್ತದೆಂಬ ಮಾತು ಕೇಳಲು ಇಂಪಾಗಿದೆ. ಆದರೆ ಎರಡು ಗಂಟೆ ಕಾಲ ನಾವು ಯಾರ ಸಾಲಕ್ಕೆ, ಅವಮಾನಕ್ಕೆ, ಪ್ರೀತಿಗೆ ಮರುಗಿದೆವೋ ಅವನು ಇರಲೇ ಇಲ್ಲವೆಂದಾಯಿತು. ಶಿಕಾರಿಪುರದ ಅಂಗಡಿಯೊಂದರಲ್ಲಿ ದಿನಗೂಲಿಗೆ ದುಡಿಯುವ ಹುಡುಗ ಈ ಚಿತ್ರವನ್ನು ನೋಡಿದರೆ, ಅವನ ಬದುಕು ಯಾರದೋ ಸುಂದರ ಕನಸೆಂದು ಅವನಿಗೆ ಹೇಳಿದಂತಾಗುತ್ತದೆ. ಬಡವನ ನೋವನ್ನು ತೋರಿಕೆಯಾಗಿಸುವ ಕಥೆ ಎಷ್ಟೇ ಕಲಾತ್ಮಕವಾಗಿರಲಿ, ವಾಕ್ಯವು ಮಾಂಸವಾಯಿತೆಂದು ನಂಬುವವರು ಅದನ್ನು ಸುಮ್ಮನೆ ಒಪ್ಪಲಾಗದು. ಇಗ್ನಾಸಿಯವರ ತಕರಾರು ನಮ್ಮ ಕಾಲಕ್ಕೂ ಸಲ್ಲುತ್ತದೆ.

ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ (2024) ನಮ್ಮನ್ನು ಮತ್ತೆ ಅನಿಮಿಷನ ಬಳಿಗೆ ತರುತ್ತದೆ. ಬಹುಹೊತ್ತು ರೆಪ್ಪೆ ಮಿಟುಕಿಸದೆ ಇರಬಲ್ಲ ಯುವಕನೊಬ್ಬನಿಗೆ ಕಾಲದಲ್ಲಿ ಹಿಂದಕ್ಕೆ ಹೋಗುವ ದಾರಿ ತೆರೆಯುತ್ತದೆ. ತಂದೆಯ ವಿಷಯದಲ್ಲಿ ತನಗೆ ತಿಳಿಯದೆ ಉಳಿದುದನ್ನು ಅರಿಯಲು ಅವನು ಹೊರಡುತ್ತಾನೆ. ದೊಡ್ಡ ಬಂಡವಾಳದ ಅಬ್ಬರವಿಲ್ಲದೆ ಗಂಭೀರ ಪ್ರಶ್ನೆಯನ್ನು ಎತ್ತಿಕೊಂಡ ಈ ಚಿತ್ರವನ್ನು ನಾವು ‘ಲೂಸಿಯಾ’ಕ್ಕಿಂತ ಮೇಲೆ ಇಡುತ್ತೇವೆ. ಇಲ್ಲಿ ನೋವು ನಿಜ. ಗತಕಾಲವು ಅಳಿಸಿ ಬರೆಯಬಹುದಾದ ಹಲಗೆಯಲ್ಲವೆಂಬ ತಿಳಿವೂ ಇದೆ. ಕೊರತೆಯಿರುವುದು ಮುಂದಿನ ಹೆಜ್ಜೆಯಲ್ಲಿ. ಗ್ರೀಕರ ಈಡಿಪಸ್ ದೊರೆಯಂತೆ ಸತ್ಯವನ್ನು ಅರಸಿ ಹೋದವನು ಸತ್ಯದ ಬಲೆಯಲ್ಲಿಯೇ ಸಿಕ್ಕಿಬೀಳುತ್ತಾನೆ. ಕಾಲವು ಸುತ್ತು ಹಾಕಿ ಮುಚ್ಚಿಕೊಳ್ಳುತ್ತದೆ. ಅರಿವು ಬಂದಮೇಲೆ ಪಶ್ಚಾತ್ತಾಪಕ್ಕಾಗಲಿ ಕ್ಷಮೆಗಾಗಲಿ ಅಲ್ಲಿ ಎಡೆಯಿಲ್ಲ.

ಇಲ್ಲಿ ಸೊರಬದ ಹುಡುಗನ ಪ್ರಶ್ನೆಗೆ ಮರಳೋಣ. ಆಗಿಹೋದುದನ್ನು ಆಗದಂತೆ ಮಾಡಲು ದೇವರಿಗೆ ಸಾಧ್ಯವೇ ಎಂಬ ಪ್ರಶ್ನೆಯನ್ನು ಸಂತ ತೋಮಾಸ್ ಅಕ್ವಿನಾಸರು ಸುಮ್ಮಾದ ಮೊದಲ ಭಾಗದಲ್ಲಿ, ಇಪ್ಪತ್ತೈದನೆಯ ಪ್ರಶ್ನೆಯಲ್ಲಿ, ಗಂಭೀರವಾಗಿ ಚರ್ಚಿಸಿದ್ದಾರೆ. ಅದು ವಿರೋಧಾಭಾಸವಾದುದರಿಂದ ಸರ್ವಶಕ್ತಿಯ ವ್ಯಾಪ್ತಿಗೆ ಬರುವುದಿಲ್ಲವೆಂಬುದು ಅವರ ನಿಲುವು. ಅವರಿಗಿಂತ ಎರಡು ಶತಮಾನ ಹಿಂದೆ ಸಂತ ಪೀಟರ್ ಡೇಮಿಯನ್ನರು ಇದೇ ವಿಷಯದಲ್ಲಿ ಬೇರೆ ದಾರಿ ಹಿಡಿದಿದ್ದರು. ಮಹಾ ಪಂಡಿತರನ್ನು ಚಿಂತೆಗೆ ಹಚ್ಚಿದ ಪ್ರಶ್ನೆಯನ್ನು ಹದಿನೈದರ ಹುಡುಗ ಮೊಬೈಲಿನ ಸಿನಿಮಾದಿಂದ ಎತ್ತಿಕೊಂಡು ಬಂದಿದ್ದ. ದೈವಶಾಸ್ತ್ರ ಓದಿದ ನಾವು ಅದನ್ನು ಗುರುತಿಸಲಿಲ್ಲ.

ಗುರುತಿಸಿದ್ದರೆ ಹೀಗೆ ಹೇಳಬಹುದಾಗಿತ್ತು. ಮಗು, ಯೇಸುವನ್ನು ಶಿಲುಬೆಯಿಂದ ತಪ್ಪಿಸಲು ಹೊರಟವರಲ್ಲಿ ನೀನು ಮೊದಲಿಗನಲ್ಲ. ಪೇತ್ರನು ದಾರಿಯಲ್ಲಿ ಮಾತಿನಿಂದ ತಡೆದ, ತೋಟದಲ್ಲಿ ಕತ್ತಿಯಿಂದ ತಡೆದ. ಪ್ರೀತಿಯಿಂದಲೇ ತಡೆದ. ಆದರೆ ಯಾರೂ ಅವರ ಪ್ರಾಣವನ್ನು ಕಿತ್ತುಕೊಂಡದ್ದಲ್ಲ, ತಾವಾಗಿಯೇ ಕೊಟ್ಟರು. ದೇವರು ನಡೆದುಹೋದ ಕೇಡನ್ನು ಅಳಿಸಿಹಾಕುವುದಿಲ್ಲ. ಅದನ್ನು ಹೊತ್ತು ದಾಟುತ್ತಾರೆ. ಆದುದರಿಂದಲೇ ಪುನರುತ್ಥಾನದ ದೇಹದಲ್ಲಿಯೂ ಗಾಯಗಳು ಉಳಿದಿವೆ. ನಿನಗೆ ಹಿಂದಕ್ಕೆ ಹೋಗಿ ಸರಿಪಡಿಸಬೇಕೆನಿಸುವುದು ಏನಾದರೂ ಇದೆಯೇ? ಈ ಕೊನೆಯ ಪ್ರಶ್ನೆಯನ್ನು ನಾವು ಅಂದು ಕೇಳಬೇಕಿತ್ತು. ಅವನಿಗೆ ಹೇಳಿಕೊಳ್ಳಲು ಏನಿತ್ತೋ ನಮಗೆ ತಿಳಿಯದೆ ಹೋಯಿತು. ಅವನೀಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆಂದು ಮನೆಯವರು ಹೇಳುತ್ತಾರೆ.

ನಮ್ಮ ಗುರು ಅಭ್ಯರ್ಥಿಗಳಿಗೆ ಎರಡು ವಿನಂತಿಗಳು. ಮೊದಲನೆಯದಾಗಿ, ‘ಕರ್ವಾಲೊ’ವನ್ನು ಓದಿ, ಪ್ರಬೋಧನೆಗೆ ದೃಷ್ಟಾಂತ ಸಿಗುವುದೆಂಬ ಆಸೆಯಿಲ್ಲದೆ ಓದಿ. ಎರಡನೆಯದಾಗಿ, ಧರ್ಮಕೇಂದ್ರಗಳಿಗೆ ಹೋದಾಗ ಅಲ್ಲಿನ ಯುವಕರು ನೋಡುವ ಚಿತ್ರಗಳನ್ನು ಒಮ್ಮೆಯಾದರೂ ಅವರ ಜೊತೆಗೆ ಕುಳಿತು ನೋಡಿ. ಮುಗಿದಮೇಲೆ ಅವರನ್ನು ಮೊದಲು ಮಾತಾಡಬಿಡಿ. ಹಿಂದಿನ ಸಾಲಿನಿಂದ ಯಾರಾದರೂ ಎದ್ದುನಿಂತು ವಿಚಿತ್ರವಾದುದನ್ನು ಕೇಳಿದರೆ ನಗಬೇಡಿ.