‘ಇಂಗ್ಲಿಷ್ ವಿಂಗ್ಲಿಷ್’ ಮತ್ತು ನಮ್ಮ ಮನೆಯ ಹೆಂಗಸರು

ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ ‘ಇಂಗ್ಲಿಷ್ ವಿಂಗ್ಲಿಷ್’ ಚಿತ್ರವನ್ನು ನಮ್ಮ ಮನೆಯ ಟಿ.ವಿ.ಯಲ್ಲಿ ಎರಡನೆಯ ಸಲ ನೋಡಿದೆವು. 2012ರಲ್ಲಿ ಅದು ಬಿಡುಗಡೆಯಾದಾಗ ಠಾಣೆಯ ಚಿತ್ರಮಂದಿರವೊಂದರಲ್ಲಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ಹೊರಗೆ ವಡಾಪಾವ್ ತಿಂದು ಮನೆಗೆ ಬಂದವರು ನಾವು. ಈ ಸಲ ಹಾಗಾಗಲಿಲ್ಲ. ಕೋಪರಿಯ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಮೂರು. ಮೂರೂ ಮನೆಯ ಹೆಂಗಸರು ಸೇರಿದ್ದರು. ಚಹಾದ ಹೊತ್ತಿಗೆ ಎದ್ದ ಚರ್ಚೆ ದೀಪ ಹಚ್ಚುವವರೆಗೂ ನಡೆಯಿತು. ಹೆಣ್ಣಿನ ಬಾಳನ್ನು ಕುರಿತು ಇಷ್ಟೊಂದು ಅಂದವಾಗಿ ತೆಗೆದ ಚಿತ್ರ ನಮ್ಮಂಥ ಸಾಮಾನ್ಯ ಮನೆಗಳ ಹೆಣ್ಣುಮಕ್ಕಳಿಗೆ ಏನನ್ನಾದರೂ ಹೇಳುತ್ತದೆಯೆ? ಆ ಚರ್ಚೆಯ ಸಾರವನ್ನೂ ನಮ್ಮ ಅನಿಸಿಕೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಥೆ ಬಹಳ ಮಂದಿಗೆ ಗೊತ್ತಿರುವುದೇ. ಪುಣೆಯ ಗೃಹಿಣಿ ಶಶಿ ಗೋಡಬೋಲೆ ಲಾಡು ಮಾಡಿ ಮಾರುತ್ತಾಳೆ. ಇಂಗ್ಲಿಷ್ ಬಾರದು. ಗಂಡ ಸತೀಶನಿಗೂ ಮಗಳು ಸಪ್ನಾಳಿಗೂ ಅದೊಂದು ತಮಾಷೆಯ ಮತ್ತು ನಾಚಿಕೆಯ ವಿಷಯ. ಅಕ್ಕನ ಮಗಳ ಮದುವೆಗೆಂದು ನ್ಯೂಯಾರ್ಕಿಗೆ ಹೋದವಳು ನಾಲ್ಕು ವಾರಗಳ ಇಂಗ್ಲಿಷ್ ತರಗತಿಗೆ ಗುಟ್ಟಾಗಿ ಸೇರಿ, ಕೊನೆಗೆ ಮದುವೆಯ ಮನೆಯಲ್ಲಿ ಎಲ್ಲರೆದುರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುತ್ತಾಳೆ. ನಿರ್ದೇಶಕಿ ಗೌರಿ ಶಿಂಧೆ ಅವರಿಗೆ ಇದು ಮೊದಲ ಚಿತ್ರ. ಪುಣೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದ ತಮ್ಮ ತಾಯಿಯೇ ಈ ಕಥೆಗೆ ಪ್ರೇರಣೆಯೆಂದೂ, ಚಿಕ್ಕಂದಿನಲ್ಲಿ ತಾಯಿಯ ಇಂಗ್ಲಿಷಿನ ಬಗ್ಗೆ ತಾವು ನಾಚಿಕೊಂಡದ್ದುಂಟೆಂದೂ ಅವರು ಹೇಳಿಕೊಂಡಿದ್ದಾರೆ. ಬಾಲನಟಿಯಾಗಿ ನಮ್ಮ ‘ಭಕ್ತ ಕುಂಬಾರ’ (1974)ದಲ್ಲಿ ಕಾಣಿಸಿಕೊಂಡಿದ್ದ ಶ್ರೀದೇವಿ, 1997ರ ‘ಜುದಾಯಿ’ಯ ನಂತರ ಬಹುಕಾಲ ಬೆಳ್ಳಿತೆರೆಯಿಂದ ದೂರವಿದ್ದು ಈ ಚಿತ್ರದಲ್ಲಿ ಮರಳಿದರು. 2018ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಟ್ಟಡದ ಹೆಂಗಸರು ನೆನೆದದ್ದು ಈ ಶಶಿಯನ್ನೇ. ಅಭಿನಯದ ವಿಷಯದಲ್ಲಿ ಎರಡು ಮಾತಿಲ್ಲ. ಕಾಫಿ ಅಂಗಡಿಯ ಹುಡುಗಿ ಪಟಪಟನೆ ಪ್ರಶ್ನೆ ಕೇಳಿದಾಗ ಶಶಿ ಕಂಗಾಲಾಗುವ ದೃಶ್ಯದಲ್ಲಿ ನಮ್ಮ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ಇನ್ನು ಆಕ್ಷೇಪಣೆಗಳು. ಮೊದಲನೆಯದು ವೇಳೆಯ ಪ್ರಶ್ನೆ. ವಿಜಾಪುರ ಕಡೆಯ ನೆರೆಮನೆಯಾಕೆ ನೇರವಾಗಿಯೇ ಕೇಳಿದರು: “ನಾಕು ವಾರ ಅಡಗಿ ಮನಿ ಬಿಟ್ಟು ಕ್ಲಾಸಿಗೆ ಹೋಗಾಕ ನಮಗ ಯಾರು ಕೊಡ್ತಾರ್ರೀ?” ನಾವು ಕಚೇರಿಯಲ್ಲಿ ಅಂಕಿಗಳ ನಡುವೆ ಬದುಕುವವರು. ಲೆಕ್ಕ ಹಾಕಿದೆವು. ಕೇಂದ್ರ ಸರಕಾರದ 2024ರ ಕಾಲಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕಳೆಯುವುದು ದಿನಕ್ಕೆ ಸರಾಸರಿ 289 ನಿಮಿಷ. ಆ ಕೆಲಸಕ್ಕೆ ಕೈಹಚ್ಚುವ ಗಂಡಸರು 88 ನಿಮಿಷ. ನಾಲ್ಕು ವಾರಕ್ಕೆ ಹೆಂಗಸಿನ ಪಾಲು ಸುಮಾರು 135 ಗಂಟೆಯಾಯಿತು. ಶಶಿಗೆ ಸಿಕ್ಕ ನಿಜವಾದ ವರ ಇಂಗ್ಲಿಷ್ ಅಲ್ಲ, ಈ ಗಂಟೆಗಳು. ಪುಣೆಯ ಮನೆಯಲ್ಲಿ ಒಳ್ಳೆಯ ಅತ್ತೆ ಇದ್ದಾರೆ (ಮರಾಠಿ ರಂಗಭೂಮಿಯ ಸುಲಭಾ ದೇಶಪಾಂಡೆ), ನ್ಯೂಯಾರ್ಕಿನಲ್ಲಿ ಅಕ್ಕನ ಅನುಕೂಲದ ಮನೆಯಿದೆ. ನಮ್ಮ ಕೋಪರಿಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಡಬ್ಬಿ ಕಟ್ಟಿ, ಠಾಣೆ ಸ್ಟೇಷನ್ನಿಗೆ ಓಡಿ, ಲೋಕಲಿನ ಹೆಂಗಸರ ಡಬ್ಬದಲ್ಲಿ ನಿಂತುಕೊಂಡೇ ಸಂಜೆಯ ಪಲ್ಯಕ್ಕೆ ಸೊಪ್ಪು ಬಿಡಿಸುವವರಿಗೆ ಆ ಗಂಟೆಗಳನ್ನು ಯಾರು ಕೊಡಬೇಕು?

ಎರಡನೆಯದು ಭಾಷೆಯ ಪ್ರಶ್ನೆ. ಹೊರನಾಡಿನವರಾದ ನಮಗೆ ಇದು ಇನ್ನೂ ಹತ್ತಿರದ್ದು. ಶಶಿಗೆ ಹಿಂದಿ ಇದೆ, ತನ್ನ ಊರಿದೆ. ಬಾರದ್ದು ಇಂಗ್ಲಿಷ್ ಒಂದೇ. ನಮ್ಮ ಮನೆಯಾಕೆ 2006ರಲ್ಲಿ ಹಾವೇರಿಯಿಂದ ಇಲ್ಲಿಗೆ ಬಂದಾಗ ಕನ್ನಡದ ಹೊರತು ಬೇರೆ ಮಾತು ಬಾರದು. ವರ್ಷ ತಿರುಗುವುದರೊಳಗೆ ಜಾಂಭಳಿ ನಾಕೆಯ ತರಕಾರಿಯವಳೊಡನೆ ಮರಾಠಿಯಲ್ಲಿ ಚೌಕಾಸಿ ಮಾಡತೊಡಗಿದರು. ಎದುರುಮನೆಯ ಸಿಂಧಿ ಅಜ್ಜಿಯಿಂದ ಹಿಂದಿ ಕಲಿತರು. ಉಡುಪಿ ಕಡೆಯ ನೆರೆಯವರಿಂದ ತುಳು ಕೂಡ ಕಿವಿಗೆ ಬಿತ್ತು. ಯಾವ ತರಗತಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಇದನ್ನು ‘ಕಲಿಕೆ’ ಎಂದು ನಾವು ಒಂದು ದಿನವೂ ಎಣಿಸಲಿಲ್ಲ. ಬಿ.ಎಸ್ಸಿ. ಓದಿದ ನಮಗೆ ಇಂದಿಗೂ ಮರಾಠಿಯಲ್ಲಿ ಹತ್ತು ವಾಕ್ಯ ನೆಟ್ಟಗೆ ಬರುವುದಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಚಿತ್ರವೂ ಈ ವಿಷಯದಲ್ಲಿ ಪೂರ್ತಿ ಕುರುಡಲ್ಲ. ಕೊನೆಗೆ ವಿಮಾನದಲ್ಲಿ ಶಶಿ ಹಿಂದಿ ಪತ್ರಿಕೆ ಇದೆಯೇ ಎಂದು ಕೇಳುತ್ತಾಳೆ. ಕೇಳುವುದು ಮಾತ್ರ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಂದ ಮೇಲೆ ತಾನೆ ಆಕೆಗೆ ಮರ್ಯಾದೆ ಬಂದದ್ದು? ಬಾರದೆಯೇ ಇದ್ದಿದ್ದರೆ? ಆ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ.

ಮೂರನೆಯದು ದುಡ್ಡಿನ ಪ್ರಶ್ನೆ. ಲಾಡು ಮಾರಿ ಕೂಡಿಟ್ಟ ಹಣದಿಂದಲೇ ಶಶಿ ತರಗತಿಯ ಶುಲ್ಕ ಕಟ್ಟುತ್ತಾಳೆ. ಚಿತ್ರದ ಅತ್ಯಂತ ಸತ್ಯವಾದ ಭಾಗ ಇದೇ. ಆದರೆ ಕಥೆ ಅಲ್ಲಿ ನಿಲ್ಲದೆ ಮುಂದೆ ಓಡುತ್ತದೆ. 1959ರಲ್ಲಿ ಇದೇ ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸತೊಡಗಿದ್ದು ‘ಲಿಜ್ಜತ್’ ಆಯಿತು. ಇಂದು ಸಾವಿರಾರು ಹೆಂಗಸರು ಅದರ ಒಡತಿಯರು. ಆ ಏಳು ಮಂದಿಯಲ್ಲೊಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು. ಅವರ ಮರ್ಯಾದೆ ಬಂದದ್ದು ಭಾಷಣದಿಂದಲ್ಲ, ಲೆಕ್ಕದ ಪುಸ್ತಕದಿಂದ. ಶಶಿಗೆ ಚಿತ್ರ ಒಂದು ಭಾಷಣ ಕೊಟ್ಟಿತು, ಚಪ್ಪಾಳೆ ಕೊಟ್ಟಿತು. ಊರಿಗೆ ಮರಳಿದ ಮೇಲೆ ಲಾಡುವಿನ ವ್ಯಾಪಾರ ಏನಾಯಿತು ಎಂಬುದನ್ನು ಹೇಳಲಿಲ್ಲ.

ಇಷ್ಟೆಲ್ಲ ನಾವು ಹೇಳಿ ಮುಗಿಸಿದಾಗ ಉಡುಪಿ ಕಡೆಯ ನೆರೆಮನೆಯವರು ನಕ್ಕುಬಿಟ್ಟರು. “ನೀವು ಎಂತ ಮಾರಾಯ್ರೆ! ಚಂದದ ಸೀರೆ, ಚಂದದ ಊರು ಅಂತಲೇ ನಾವು ನೋಡುವುದು. ನಮ್ಮ ಮನೆಯ ಸಿಂಕು ನೋಡಲಿಕ್ಕೆ ಟಿಕೇಟು ಯಾಕೆ?” ಅವರು ಹೇಳಿದ್ದು 2021ರ ಮಲಯಾಳ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಕುರಿತು. ಅದರಲ್ಲಿ ಸೋರುವ ಸಿಂಕು, ಎಂಜಲು ತಟ್ಟೆ, ದಿನವೂ ಅದೇ ಕೆಲಸ. ಬೆಡಗು ಎಳ್ಳಷ್ಟೂ ಇಲ್ಲ. ಅದೂ ದೊಡ್ಡ ಚಿತ್ರವೇ. ಆದರೆ ದುಡಿದು ದಣಿದವರು ತಮ್ಮ ದಣಿವನ್ನೇ ಮತ್ತೆ ನೋಡಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಬೆಡಗೇ ತಪ್ಪೆನ್ನಲು ನಮಗೆ ಬಾಯಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದ ‘ಶರಪಂಜರ’ವನ್ನು ನೆನೆಯಿರಿ. ಅಲ್ಲಿಯೂ ಕಲ್ಪನಾ ಅವರ ಸೀರೆ, ಮನೆ ಯಾವುದಕ್ಕೂ ಕೊರತೆಯಿಲ್ಲ. ಆದರೂ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೇ ನಂಬದೆ ಹೋದಾಗ ಚಿತ್ರ ಯಾರನ್ನೂ ಕ್ಷಮಿಸುವುದಿಲ್ಲ. ನೋಡುವ ಗಂಡಸಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ‘ಇಂಗ್ಲಿಷ್ ವಿಂಗ್ಲಿಷ್’ನಲ್ಲಿ ಸತೀಶ ಕೊನೆಗೆ ನನ್ನ ಮೇಲೆ ಇನ್ನೂ ಪ್ರೀತಿ ಇದೆಯೇ ಎಂದು ಕೇಳಿದರೆ, ಇಲ್ಲದಿದ್ದರೆ ಎರಡು ಲಾಡು ಏಕೆ ಬಡಿಸುತ್ತಿದ್ದೆ ಎನ್ನುತ್ತಾಳೆ ಶಶಿ. ಲೆಕ್ಕ ಚುಕ್ತಾ ಆಯಿತು!

ಇಲ್ಲಿ ನಮ್ಮದೇ ಒಂದು ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಚಿತ್ರದಲ್ಲಿ ಮಗಳ ಶಾಲೆಗೆ ಹೋದ ಶಶಿ, ಹಿಂದಿಯಲ್ಲಿ ಮಾತಾಡಬಹುದೇ ಎಂದು ಕೇಳಿ ಮಗಳ ಸಿಟ್ಟಿಗೆ ಗುರಿಯಾಗುತ್ತಾಳೆ. 2012ರಲ್ಲಿ ಅದನ್ನು ನೋಡಿ ಆ ಮಗಳನ್ನೂ ಗಂಡನನ್ನೂ ಬಾಯಿತುಂಬ ಬೈದೆವು. ಅದಾದ ಐದು ವರ್ಷಕ್ಕೆ ನಮ್ಮ ಮಗಳ ಶಾಲೆಯ ಪಾಲಕರ ಸಭೆಯ ದಿನ, ಬಾಗಿಲಲ್ಲೇ ನಮ್ಮ ಮನೆಯಾಕೆಗೆ “ನೀನು ಸುಮ್ಮನಿರು, ನಾನು ಮಾತಾಡ್ತೀನಿ” ಎಂದವರೂ ನಾವೇ. ಅವರು ತಲೆಯಾಡಿಸಿದರು, ಒಳಗೆ ಅರ್ಧ ಗಂಟೆ ಸುಮ್ಮನೆ ಕುಳಿತರು. ಮಗಳಿಗೆ ಪಾಠ ಹೇಳಿಕೊಡುತ್ತಿದ್ದವರು, ಅವಳಿಗೆ ಯಾವ ಲೆಕ್ಕ ತೊಡಕು ಎಂದು ತಿಳಿದಿದ್ದವರು ಅವರು, ಮಾತಾಡಿದವರು ನಾವು. ಶಶಿಯ ನೆನಪು ನಮಗೆ ಬರಲೇ ಇಲ್ಲ. ಏಕೆಂದರೆ ಆ ಗಂಡ ದೊಡ್ಡ ಮನೆಯವನು, ಸೂಟು ತೊಟ್ಟವನು, ವಿಮಾನದಲ್ಲಿ ಓಡಾಡುವವನು. ಅವನು ಬೇರೆ, ಲೋಕಲಿನಲ್ಲಿ ಜೋತಾಡುವ ಗುಮಾಸ್ತರಾದ ನಾವು ಬೇರೆ ಎಂದುಕೊಂಡಿದ್ದೆವು.

ಬೆಡಗಿನ ನಿಜವಾದ ದೋಷ ಇದು ಎಂದು ನಮ್ಮ ಅಭಿಪ್ರಾಯ. ಅದು ಹೆಂಗಸರ ಕಣ್ಣನ್ನು ಮುಚ್ಚುವುದಿಲ್ಲ. ಅಂದು ಸೇರಿದ್ದ ಮೂವರೂ ಸೀರೆಯ ಮರೆಯಲ್ಲಿದ್ದ ಅವಮಾನವನ್ನು ಮೊದಲ ಹತ್ತು ನಿಮಿಷದಲ್ಲೇ ಗುರುತಿಸಿದ್ದರು. ಬೆಡಗಿನ ಹಿಂದೆ ಅಡಗಿಕೊಂಡವರು ಗಂಡಸರು. ಆದ್ದರಿಂದ ಚಿತ್ರ ಸಾಮಾನ್ಯ ಹೆಣ್ಣಿನೊಡನೆ ಮಾತಾಡುತ್ತದೆಯೆ ಎಂದರೆ, ಅರ್ಧ ಮಾತಾಡುತ್ತದೆ ಎನ್ನಬೇಕು. ಅವಳ ನೋವನ್ನು ಬಲ್ಲದು, ಅವಳ ದಿನಚರಿಯನ್ನು ಅರಿಯದು. ಅದು ನಿಜವಾಗಿ ಮಾತಾಡಬೇಕಾದದ್ದು ಗಂಡನೊಡನೆ, ಮಕ್ಕಳೊಡನೆ. ಅವರನ್ನು ಅದು ಬಹು ಸುಲಭವಾಗಿ ಬಿಟ್ಟುಬಿಟ್ಟಿದೆ.

ನಮ್ಮ ಮನೆಯಾಕೆ ಚರ್ಚೆಯುದ್ದಕ್ಕೂ ಹೆಚ್ಚು ಮಾತಾಡಲಿಲ್ಲ. ಕೊನೆಯಲ್ಲಿ ಒಂದೇ ಮಾತು ಕೇಳಿದರು: “ಲಾಡು ಯಾರು ಕಟ್ಟಿದ್ರು ಅಂತ ಮದುವಿ ಮಂದಿಗೆಲ್ಲ ಗೊತ್ತಾತು. ಬುಂದೆ ಕರದ ಬಾಣಲಿ ಯಾರು ತಿಕ್ಕಿದ್ರು?” ಉತ್ತರ ಹೊಳೆಯಲಿಲ್ಲ. ಚಹಾದ ಲೋಟಗಳನ್ನಾದರೂ ತೊಳೆಯೋಣವೆಂದು ನಾವು ಏಳುವಷ್ಟರಲ್ಲಿ ಅವರು ತೊಳೆದು ಬೋರಲು ಹಾಕಿಯಾಗಿತ್ತು.

ವಾಚಕ ಬಂಧುಗಳು ಈ ಚಿತ್ರವನ್ನು ಇನ್ನೊಮ್ಮೆ ನೋಡಲಿ. ಮನೆಯ ಗಂಡಸರೂ ಮಕ್ಕಳೂ ಜತೆಯಲ್ಲಿ ಕುಳಿತು ನೋಡಲಿ. ಮುಗಿದ ಮೇಲೆ ಹೆಂಗಸರು ಏನು ಹೇಳುತ್ತಾರೋ ಅದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಲಿ. ಚಿತ್ರ ಹೇಳದೆ ಬಿಟ್ಟ ಉಳಿದರ್ಧ ಅಲ್ಲಿ ಸಿಗುತ್ತದೆ.